ಗುಂಪಿಗೆ ಸೇರದವರ ಕೂಟ ಕಟ್ಟುವುದು ಹೇಗೆ

ನಾಲ್ಕು ಜನ ಸೇರಿದ ಕಡೆ ಲೋಕಾಭಿರಾಮದ ಮಾತಿಗೆ ಬಾಯಿ ಬಾರದ, ಆದರೆ ಕಂಪ್ಯೂಟರ್ ನಡೆಸುವ ಲಿನಕ್ಸ್ ಕರ್ನಲ್ಲಿನ ಬಗ್ಗೆಯೋ ಜೀರುಂಡೆಗಳ ವರ್ಗೀಕರಣದ ಬಗ್ಗೆಯೋ ಕೇಳಿದರೆ ಎರಡು ಗಂಟೆ ಬಿಡದೆ ಹೇಳಬಲ್ಲ ಜನರಿಗಾಗಿ ಈ ಬರಹ. ಎಲ್ಲರೂ ಒಪ್ಪಿದ್ದನ್ನು ‘ಯಾಕೆ?’ ಎಂದು ಕೇಳಿ ಮೂಲೆಗೆ ಸರಿದವರಿಗೂ ಸೇರಿದ್ದು. ಇವರಿಗೆಲ್ಲ ಸಿಗುವ ಸಲಹೆ ಒಂದೇ: ‘ಸ್ವಲ್ಪ ಜನರ ಜತೆ ಬೆರೆಯೋದು ಕಲಿ.’ ಅದರ ಬದಲು, ಬೆರೆಯುವ ಕಲೆ ಬೇಕೇ ಆಗದಂಥ ಜಾಗವೊಂದನ್ನು ಕಟ್ಟಿಕೊಳ್ಳಬಹುದು. ಯಾರು ಯಾವಾಗ ಮಾತಾಡಬೇಕು, ಎಷ್ಟು ಹೊತ್ತು, ಯಾವುದರ ಬಗ್ಗೆ ಎಂಬುದೆಲ್ಲ ಮೊದಲೇ ಗೊತ್ತಿರುವ ಸಣ್ಣ ಕೂಟ. ಸಹಜವಾಗಿ ಬಾರದ್ದನ್ನು ಅಲ್ಲಿ ನಿಯಮಗಳು ತುಂಬಿಕೊಡುತ್ತವೆ.

ಮೊದಲು ಒಬ್ಬರನ್ನು ಹುಡುಕಿ

1950ರ ದಶಕದಲ್ಲಿ ಮನೋವಿಜ್ಞಾನಿ ಸಾಲಮನ್ ಆಶ್ ಗೆರೆಗಳ ಉದ್ದ ಹೋಲಿಸುವ ಪ್ರಯೋಗ ಮಾಡಿದರು. ಕೋಣೆಯಲ್ಲಿ ಒಬ್ಬರನ್ನು ಬಿಟ್ಟು ಉಳಿದವರೆಲ್ಲ ಪ್ರಯೋಗ ಮಾಡುವವರ ಕಡೆಯವರು. ಅವರು ಮೊದಲೇ ಮಾತಾಡಿಕೊಂಡು, ಕಣ್ಣಿಗೆ ಕಾಣುವುದಕ್ಕೆ ವಿರುದ್ಧವಾದ ಉತ್ತರವನ್ನೇ ಒಟ್ಟಾಗಿ ಹೇಳುತ್ತಿದ್ದರು. ಒಂಟಿಯಾಗಿದ್ದಾಗ ಶೇ. 1ರಷ್ಟೂ ತಪ್ಪದ ಜನ, ಗುಂಪು ಎದುರು ನಿಂತಾಗ ಸುಮಾರು ಶೇ. 37ರಷ್ಟು ಸಲ ಗುಂಪಿನಲ್ಲಿ ಗೋವಿಂದ ಎಂದುಬಿಟ್ಟರು. ಎದುರಿಗೆ ಒಬ್ಬರೇ ಇದ್ದರೆ ಒತ್ತಡ ಬಹಳ ಕಡಿಮೆ. ಮೂವರಾದರೆ ಹೆಚ್ಚುಕಡಿಮೆ ಪೂರ್ತಿ. ಆದರೆ ಸರಿಯಾದ ಉತ್ತರ ಹೇಳುವ ಒಬ್ಬ ಜತೆಗಾರ ಸಿಕ್ಕಿದರೆ ಸಾಕು, ತಪ್ಪು ಕಾಲುಭಾಗಕ್ಕೆ ಇಳಿಯುತ್ತಿತ್ತು. ಆ ಜತೆಗಾರ ನಡುವೆ ಗುಂಪಿನ ಕಡೆ ವಾಲಿದಾಗ ತಪ್ಪು ಮತ್ತೆ ಏರುತ್ತಿತ್ತು.

ಆದ್ದರಿಂದ ಆರು ಜನರನ್ನು ಒಟ್ಟಿಗೆ ಕಲೆಹಾಕಲು ಹೊರಡಬೇಡಿ. ಮೊದಲ ಒಂದೆರಡು ತಿಂಗಳ ಕೆಲಸ ಒಬ್ಬರನ್ನು ಹುಡುಕುವುದು. ಜನ ಬರೀ ಮಾತಾಡುವ ಕಡೆಗಿಂತ ಏನಾದರೂ ಮಾಡುತ್ತಿರುವ ಕಡೆ ಹುಡುಕುವುದು ಸುಲಭ: ಗ್ರಂಥಾಲಯ, ಹವ್ಯಾಸಿ ಖಗೋಳ ವೀಕ್ಷಣೆ, ಚೆಸ್ ಬೋರ್ಡು, ಹ್ಯಾಮ್ ರೇಡಿಯೊ, ಹಲವರು ಸೇರಿ ತಂತ್ರಾಂಶ ಬರೆಯುವ ಓಪನ್ ಸೋರ್ಸ್ ಪ್ರಾಜೆಕ್ಟು. ಕೈಗೆ ಕೆಲಸವಿದ್ದಾಗ ಕಣ್ಣಿಗೆ ಕಣ್ಣು ಕೊಟ್ಟು ಮಾತಾಡಬೇಕಾದ ಹಿಂಸೆ ಇರುವುದಿಲ್ಲ, ಮೌನವೂ ಅಸಹಜ ಅನ್ನಿಸುವುದಿಲ್ಲ. ಯಾರನ್ನು ಗುರುತಿಸಬೇಕು? ತುಂಬ ಓದಿದವರನ್ನೇ ಹುಡುಕಬೇಕಿಲ್ಲ. ‘ನನಗೆ ಗೊತ್ತಿಲ್ಲ’ ಎಂದು ಸಲೀಸಾಗಿ ಹೇಳುವವರು, ಒಂದು ಉತ್ತರ ಸಿಕ್ಕ ಮೇಲೆ ಎರಡನೇ ಪ್ರಶ್ನೆ ಕೇಳುವವರು, ಹಿಂದಿನ ವಾರ ತಾನು ಹೇಳಿದ್ದು ತಪ್ಪಿತ್ತು ಎಂದು ತಾನೇ ಎತ್ತುವವರು. ಈ ಮೂರನೆಯ ಗುಣ ಅಪರೂಪ. ಕಂಡರೆ ಬಿಡಬೇಡಿ.

ಕರೆಯುವಾಗ ‘ಒಂದಿನ ಸಿಗೋಣ’ ಅನ್ನಬೇಡಿ. ಅದಕ್ಕೆ ಎಲ್ಲರೂ ಹೂಂ ಅನ್ನುತ್ತಾರೆ, ಯಾರೂ ಬರುವುದಿಲ್ಲ. ನಿಮ್ಮಂತೆಯೇ ಇರುವ ಮನುಷ್ಯನಿಗೆ ಹೋದರೆ ಏನಾಗುತ್ತದೋ ಎಂಬ ಅಂಜಿಕೆಯೇ ದೊಡ್ಡದು, ಅದನ್ನು ವಿವರಗಳಿಂದ ಕಡಿಮೆ ಮಾಡಬೇಕು. ಹೀಗೆ ಬರೆಯಿರಿ: ‘ಶನಿವಾರ 4ರಿಂದ 6.30ರವರೆಗೆ ನಾವು ಮೂವರು ಸೇರುತ್ತಿದ್ದೇವೆ. ವಿಷಯ: ಹಳೆಯ ಕೋಡನ್ನು ಯಾವಾಗ ಹೊಸದಾಗಿ ಬರೆಯಬೇಕು. ತಯಾರಿ ಬೇಕಿಲ್ಲ. ಸುಮ್ಮನೆ ಕೇಳಿಸಿಕೊಂಡು ಕೂತರೂ ಆಯಿತು. ನಡುವೆ ಎದ್ದು ಹೋದರೆ ಯಾರೂ ಕಾರಣ ಕೇಳುವುದಿಲ್ಲ.’ ಮುಗಿಯುವ ಹೊತ್ತನ್ನು ಮರೆಯದೆ ಹಾಕಿ. ಉತ್ತರ ಬಾರದಿದ್ದರೆ ವಾರ ಬಿಟ್ಟು ಒಂದು ಸಲ ನೆನಪಿಸಿ, ಅಲ್ಲಿಗೆ ನಿಲ್ಲಿಸಿ.

ಎಷ್ಟು ಜನ, ಎಷ್ಟು ಹೊತ್ತು

ಐದಾರು ಜನ ಸರಿ. ನಾಲ್ಕು ಜನರ ನಡುವೆ 6 ಜೋಡಿ ಸಂಬಂಧ, ಆರು ಜನರಲ್ಲಿ 15, ಎಂಟರಲ್ಲಿ 28. ಪ್ರತಿ ಮುಖವನ್ನೂ ಓದಲು ತಲೆಗೆ ಶ್ರಮ ಬೀಳುವವರಿಗೆ ಆರರ ಮೇಲೆ ಸುಸ್ತು ಬೇಗ ಬರುತ್ತದೆ. ಮೂವರೇ ಆದರೆ ಒಬ್ಬರು ತಪ್ಪಿಸಿಕೊಂಡ ದಿನ ಕೂಟವೇ ಇಲ್ಲ.

ಎರಡು ವಾರಕ್ಕೊಮ್ಮೆ, ಪ್ರತಿ ಸಲವೂ ವಾರದ ಅದೇ ದಿನ, ಅದೇ ಹೊತ್ತು, ಅದೇ ಜಾಗ. ಪ್ರತಿ ಸಲ ಎಲ್ಲರಿಗೂ ಹೊಂದುವ ದಿನ ಹುಡುಕಲು ಹೊರಟರೆ ಕೂಟ ಮೂರನೇ ತಿಂಗಳು ಕಾಣುವುದಿಲ್ಲ. ಇಬ್ಬರೇ ಬಂದರೂ ನಡೆಸಿ. ಇನ್ನು ತಾಳ್ಮೆಯ ಲೆಕ್ಕ. ಗೆಳೆತನಕ್ಕೆ ಬೇಕಾಗುವ ಹೊತ್ತಿನ ಬಗ್ಗೆ ಸಂಶೋಧಕ ಜೆಫ್ರಿ ಹಾಲ್ 2018ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ, ಪರಿಚಿತರು ಸಾಮಾನ್ಯ ಗೆಳೆಯರಾಗಲು ಸುಮಾರು 50 ಗಂಟೆ, ಆಪ್ತರಾಗಲು 200 ಗಂಟೆಗೂ ಮೇಲೆ ಬೇಕು. ಸಲಕ್ಕೆ ಎರಡೂವರೆ ಗಂಟೆಯಂತೆ 50 ಗಂಟೆ ತುಂಬಲು 20 ಕೂಟ, ಅಂದರೆ ಒಂಬತ್ತು ತಿಂಗಳು. ಮೂರನೇ ಸಲವೂ ಅಪರಿಚಿತರ ಜತೆ ಕೂತಂತೆ ಅನ್ನಿಸಿದರೆ ಏನೂ ಕೆಟ್ಟಿಲ್ಲ, ಗಂಟೆಗಳು ತುಂಬಿಲ್ಲ, ಅಷ್ಟೆ.

ಜಾಗದಲ್ಲಿ ನೋಡಬೇಕಾದ್ದು ಮೊದಲು ಸದ್ದು. ಹಿನ್ನೆಲೆಯ ಗದ್ದಲದಲ್ಲಿ ಮಾತನ್ನು ಬಿಡಿಸಿಕೊಳ್ಳಲಾಗದವರು ಇಂಥ ಕೂಟಗಳಲ್ಲಿ ಹೆಚ್ಚು, ಅವರು ಅದನ್ನು ಬಾಯಿಬಿಟ್ಟು ಹೇಳುವುದೂ ಇಲ್ಲ. ನಡುವೆ ಒಂದು ಮೇಜಿರಲಿ, ಅದರ ಮೇಲೆ ಕೈಯಾಡಿಸಲು ಕಾಗದ, ಪೆನ್ನು. ಬಾಗಿಲ ಬಳಿ ಒಂದು ಕುರ್ಚಿ ಖಾಲಿ ಬಿಡಿ. ಎದ್ದು ಹೋಗುವುದು ಸುಲಭವಿದ್ದ ಕಡೆ ಜನ ಹೆಚ್ಚು ಹೊತ್ತು ಕೂರುತ್ತಾರೆ.

ಎರಡೂವರೆ ಗಂಟೆ ನಡೆಸುವ ಕ್ರಮ

1975ರ ಮಾರ್ಚ್ 5ರಂದು ಕ್ಯಾಲಿಫೋರ್ನಿಯಾದ ಮೆನ್ಲೊ ಪಾರ್ಕಿನ ಗ್ಯಾರೇಜೊಂದರಲ್ಲಿ, ಹವ್ಯಾಸಕ್ಕೆ ಕಂಪ್ಯೂಟರ್ ಕಟ್ಟುವವರ ಹೋಮ್‌ಬ್ರೂ ಕಂಪ್ಯೂಟರ್ ಕ್ಲಬ್ ಮೊದಲ ಸಲ ಸೇರಿತು. ಅದು ದೊಡ್ಡದಾದ ಮೇಲೆ ಸದಸ್ಯರಲ್ಲೊಬ್ಬರಾದ ಲೀ ಫೆಲ್ಸೆನ್‌ಸ್ಟೀನ್ ಅಲ್ಲಿನ ಸಭೆಯನ್ನು ಎರಡು ಭಾಗವಾಗಿ ನಡೆಸುತ್ತಿದ್ದರು. ಮೊದಲ ಭಾಗದಲ್ಲಿ ಒಬ್ಬೊಬ್ಬರೇ ಎದ್ದು ತಮ್ಮ ಬಳಿ ಏನಿದೆ, ಏನು ಬೇಕು, ಯಾವ ಸುದ್ದಿ ಕೇಳಿದ್ದೇವೆ ಎಂದು ಚುಟುಕಾಗಿ ಹೇಳುವುದು. ಎರಡನೇ ಭಾಗದಲ್ಲಿ ತಮಗೆ ಬೇಕಾದವರ ಹತ್ತಿರ ನೇರವಾಗಿ ಹೋಗಿ ಮಾತಾಡುವುದು. ಇದಕ್ಕಿಂತ ಒಳ್ಳೆಯ ಏರ್ಪಾಡು ಸಿಗುವುದು ಕಷ್ಟ. ಅಪರಿಚಿತರೊಡನೆ ಮಾತು ಶುರುಮಾಡುವುದೇ ನಾಚಿಕೆಯವರಿಗೆ ದೊಡ್ಡ ಅಡ್ಡಿ. ಯಾರಿಗೆ ಏನು ಬೇಕೆಂದು ಮೊದಲೇ ಗೊತ್ತಾದರೆ ಮೊದಲ ವಾಕ್ಯ ತಾನಾಗಿಯೇ ಕೈಗೆ ಬಂದಿರುತ್ತದೆ.

ಆರು ಜನರಿಗೆ ಇದನ್ನು ಹೀಗೆ ಇಳಿಸಿಕೊಳ್ಳಬಹುದು. ಮೊದಲ 20 ನಿಮಿಷ ಸುತ್ತು: ತಲೆಗೆ ಮೂರು ನಿಮಿಷ, ‘ಈಗ ಏನು ಮಾಡುತ್ತಿದ್ದೇನೆ, ಎಲ್ಲಿ ಸಿಕ್ಕಿಬಿದ್ದಿದ್ದೇನೆ.’ ಯಾರೂ ನಡುವೆ ಬಾಯಿ ಹಾಕುವಂತಿಲ್ಲ. ಮುಂದಿನ 60 ನಿಮಿಷ ಆ ದಿನದ ಪ್ರಶ್ನೆ. ಆಮೇಲೆ 20 ನಿಮಿಷ ಬಿಡುವು. ಒಬ್ಬರೇ ಕಿಟಕಿಯ ಬಳಿ ನಿಂತವರನ್ನು ಮಾತಿಗೆ ಎಳೆಯಬಾರದು, ಅವರು ದಣಿವಾರಿಸಿಕೊಳ್ಳುತ್ತಿದ್ದಾರೆ. ಉಳಿದ 50 ನಿಮಿಷ ಮುಕ್ತ: ಇಬ್ಬರು ಸರ್ಕ್ಯೂಟ್ ಬಿಡಿಸಲಿ, ಒಬ್ಬರು ಓದಲಿ. ಹೊತ್ತು ನೋಡುವ ಕೆಲಸ ಮನುಷ್ಯರಿಗೆ ಬೇಡ, ಟೈಮರ್ ಇಡಿ. ಮನುಷ್ಯ ತಡೆದರೆ ಅವಮಾನವಾಗುತ್ತದೆ. ಟೈಮರ್ ಎಲ್ಲರನ್ನೂ ಒಂದೇ ರೀತಿ ತಡೆಯುತ್ತದೆ.

ಪ್ರಶ್ನೆ ಮತ್ತು ಚೀಟಿ

ಕೂಟದ ಜೀವ ಈ 60 ನಿಮಿಷ. ಪ್ರಶ್ನೆಯನ್ನು ಸರದಿಯ ಪ್ರಕಾರ ಒಬ್ಬರು ಮೂರು ದಿನ ಮೊದಲೇ ಕಳಿಸಬೇಕು. ‘ದೇವರಿದ್ದಾನೆಯೇ?’, ‘ಯಂತ್ರ ಯೋಚಿಸಬಲ್ಲದೇ?’ ಎಂಬಂಥ ಪ್ರಶ್ನೆಗಳಿಗೆ ಎಲ್ಲರ ಬಳಿಯೂ ಸಿದ್ಧ ಭಾಷಣವಿರುತ್ತದೆ. ಗಂಟೆ ಕಳೆದರೂ ಎಲ್ಲರೂ ಹೊರಟಲ್ಲೇ ಇರುತ್ತಾರೆ. ಅದನ್ನೇ ತಿರುಗಿಸಿ: ‘ಈ ವಿಷಯದಲ್ಲಿ ಯಾವ ಸಾಕ್ಷಿ ಎದುರಿಗೆ ಬಂದರೆ ನನ್ನ ನಿಲುವು ಬಿಡುತ್ತೇನೆ?’ ಇದಕ್ಕೆ ಯಾರ ಬಳಿಯೂ ಸಿದ್ಧ ಉತ್ತರವಿರುವುದಿಲ್ಲ. ‘ಯಾವ ಸಾಕ್ಷಿಗೂ ಬಿಡುವುದಿಲ್ಲ’ ಎಂದು ಯಾರಿಗಾದರೂ ಹೊಳೆದರೆ ಆ ದಿನದ ಮಾತು ಅಲ್ಲಿಂದಲೇ ಶುರುವಾಗಲಿ.

ಬಾಯಿ ತೆರೆಯುವ ಮೊದಲು ಎಲ್ಲರೂ ಐದು ನಿಮಿಷ ಸುಮ್ಮನೆ ಕೂತು ತಮ್ಮ ಉತ್ತರವನ್ನು ಚೀಟಿಯಲ್ಲಿ ಬರೆಯಬೇಕು, ಹೆಸರಿಲ್ಲದೆ. ಚೀಟಿಗಳನ್ನು ಕಲಸಿ, ಒಬ್ಬರು ಗಟ್ಟಿಯಾಗಿ ಓದಬೇಕು. ಈ ಹೆಜ್ಜೆಯನ್ನು ಯಾವ ಕಾರಣಕ್ಕೂ ಬಿಡಬೇಡಿ. ಮೊದಲು ಮಾತಾಡಿದವರ ಅಭಿಪ್ರಾಯಕ್ಕೆ ಉಳಿದವರದು ಅಂಟಿಕೊಳ್ಳುತ್ತದೆ; ಆಶ್ ಪ್ರಯೋಗದಲ್ಲೂ ಉತ್ತರವನ್ನು ಗುಟ್ಟಾಗಿ ಬರೆಯಲು ಬಿಟ್ಟಾಗ ಗುಂಪಿನ ಹಿಂದೆ ಹೋಗುವುದು ತುಂಬ ಕಡಿಮೆಯಾಗಿತ್ತು. ಇನ್ನೊಂದು ಲಾಭ, ತೊದಲುವವರ ವಿಚಾರವೂ ಮಾತಿನ ಮಲ್ಲರ ವಿಚಾರವೂ ಒಂದೇ ದನಿಯಲ್ಲಿ ಕೇಳಿಸುತ್ತವೆ.

ಮಾತು ಬಿಸಿಯಾದಾಗ ಹಿಡಿಯುವ ನಿಯಮಕ್ಕೆ ಹಳೆಯ ಮಾದರಿಯಿದೆ. ಬೆಂಜಮಿನ್ ಫ್ರಾಂಕ್ಲಿನ್ 1727ರಲ್ಲಿ ಅಮೆರಿಕದ ಫಿಲಡೆಲ್ಫಿಯಾದಲ್ಲಿ ಕಟ್ಟಿದ ‘ಜಂಟೊ’ ಎಂಬ ಕೂಟ ಶುಕ್ರವಾರ ಸಂಜೆ ಸೇರುತ್ತಿತ್ತು. ಅಲ್ಲಿ ಗೆಲ್ಲುವ ಚಟಕ್ಕಾಗಿ ವಾದಿಸುವಂತಿರಲಿಲ್ಲ. ತನ್ನದೇ ಸರಿ ಎಂಬ ಧಾಟಿಯ ಮಾತಿಗೂ, ಇನ್ನೊಬ್ಬರನ್ನು ಮುಖಕ್ಕೆ ಹೊಡೆದಂತೆ ಅಲ್ಲಗಳೆಯುವುದಕ್ಕೂ ಸಣ್ಣ ದಂಡ ಹಾಕುತ್ತಿದ್ದರು. ದಂಡ ಬೇಡವೆನಿಸಿದರೆ ಒಂದು ಬಟ್ಟಲು, ಒಂದಿಷ್ಟು ಬೀಜ ಸಾಕು: ‘ಖಂಡಿತ’, ‘ಎಲ್ಲರಿಗೂ ಗೊತ್ತಿರೋದೇ’, ‘ಇದರಲ್ಲಿ ಅನುಮಾನವೇ ಇಲ್ಲ’ ಎಂದವರು ಒಂದು ಬೀಜ ಹಾಕಲಿ. ಇದರ ಜತೆಗೆ, ಒಬ್ಬರನ್ನು ವಿರೋಧಿಸುವ ಮುನ್ನ ಅವರ ಮಾತನ್ನು ನಿಮ್ಮ ಮಾತಿನಲ್ಲಿ ಹೇಳಿ; ಅವರು ‘ಹೌದು, ನಾನು ಹೇಳಿದ್ದು ಅದೇ’ ಎಂದ ಮೇಲೆ ಮುಂದುವರಿಯಿರಿ. ಅರ್ಧದಷ್ಟು ಜಗಳ ಇಲ್ಲೇ ಕರಗುತ್ತದೆ.

ಆದರೆ ನಯ ಅತಿಯಾಗಿ ಎಲ್ಲರೂ ಅಡ್ಡಗೋಡೆಯ ಮೇಲೆ ದೀಪ ಇಡಲು ಶುರುಮಾಡಿದರೆ ಅದೂ ಕೇಡೇ. ಅದಕ್ಕೆ ಮದ್ದು ಅಂಕಿ. ‘ಬಹುಶಃ’ ಅನ್ನುವ ಬದಲು ‘ಶೇ. 80’ ಅನ್ನಿ, ಒಂದು ದಿನಾಂಕ ಹಾಕಿ, ಕೂಟದ ಪುಸ್ತಕದಲ್ಲಿ ಬರೆದಿಡಿ. ದಿನ ಬಂದಾಗ ಲೆಕ್ಕ ಹಾಕಿ. ಗ್ಲೆನ್ ಬ್ರಯರ್ 1950ರಲ್ಲಿ ಹವಾಮಾನ ಮುನ್ಸೂಚನೆಗಾಗಿ ಕೊಟ್ಟ ಸೂತ್ರ ಸುಲಭ: ಹೇಳಿದ್ದು ನಡೆದರೆ 1, ಇಲ್ಲದಿದ್ದರೆ 0, ಅದರಿಂದ ನಿಮ್ಮ ಅಂಕಿ (ಶೇ. 80 ಅಂದರೆ 0.8) ಕಳೆದು, ಬಂದದ್ದನ್ನು ಅದರಿಂದಲೇ ಗುಣಿಸಿ. ಶೇ. 80 ಎಂದದ್ದು ನಡೆದರೆ 0.04, ನಡೆಯದಿದ್ದರೆ 0.64. ಎಲ್ಲದಕ್ಕೂ ಶೇ. 50 ಎಂದು ಜಾರಿಕೊಳ್ಳುವವರಿಗೆ ಯಾವಾಗಲೂ 0.25. ಸರಾಸರಿ ಅದಕ್ಕಿಂತ ಮೇಲಿದ್ದರೆ ನಿಮ್ಮ ಧೈರ್ಯಕ್ಕೆ ಆಧಾರವಿಲ್ಲ ಎಂದರ್ಥ. 20 ಊಹೆಗಳಾದರೂ ಆಗುವವರೆಗೆ ಸರಾಸರಿಯನ್ನು ನಂಬಬೇಡಿ.

ಆ ಪುಸ್ತಕದ ಹಿಂಬದಿಯಿಂದ ಇನ್ನೊಂದು ಪಟ್ಟಿ ಶುರುಮಾಡಿ: ನಮ್ಮ ನಿಲುವಿಗೆ ವಿರುದ್ಧವಾಗಿ ಸಿಕ್ಕ ಸಂಗತಿಗಳು. ಚಾರ್ಲ್ಸ್ ಡಾರ್ವಿನ್ ತಮ್ಮ ತೀರ್ಮಾನಗಳಿಗೆ ಎದುರಾದ ಸಂಗತಿ ಕಂಡ ಕೂಡಲೇ ತಪ್ಪದೆ ಬರೆದಿಡುತ್ತಿದ್ದರು, ಯಾಕೆಂದರೆ ಅನುಕೂಲವಾದವುಗಳಿಗಿಂತ ಅವು ಬೇಗ ಮರೆತುಹೋಗುತ್ತವೆ ಎಂದು ಅನುಭವದಿಂದ ಕಂಡುಕೊಂಡಿದ್ದರು. ‘ಕೂಡಲೇ’ ಎಂಬುದೇ ಇಲ್ಲಿ ಮುಖ್ಯ. ಸಂಜೆ ಬರೆಯುತ್ತೇನೆ ಎಂದರೆ ಸಂಜೆಯೊಳಗೆ ಮನಸ್ಸು ಅದಕ್ಕೊಂದು ಸಮಜಾಯಿಷಿ ಹುಡುಕಿಟ್ಟಿರುತ್ತದೆ.

ಎಲ್ಲಿ ಕೆಡುತ್ತದೆ

ಮೊದಲ ತೊಂದರೆ, ಒಬ್ಬರೇ ಮಾತಾಡುವುದು. ಅದು ಬಹುಮಟ್ಟಿಗೆ ದುರಹಂಕಾರವಲ್ಲ. ವರ್ಷಗಟ್ಟಲೆ ಕೇಳುವವರಿಲ್ಲದೆ ಕಟ್ಟಿಕೊಂಡಿದ್ದ ಮಾತು ಒಮ್ಮೆಗೇ ಹರಿಯುತ್ತದೆ. ಅವರಿಗೆ ಮುಕ್ತ ಭಾಗದಲ್ಲಿ 15 ನಿಮಿಷ ಕೊಟ್ಟು, ಒಂದು ವಿಷಯ ಕಲಿಸಲು ಹೇಳಿ. ಮೂರು ತಿಂಗಳಲ್ಲಿ ಶಾಂತವಾಗುತ್ತಾರೆ. ಆಗದಿದ್ದರೆ ಒಬ್ಬರೇ ಇದ್ದಾಗ, ಸುತ್ತುಬಳಸದೆ ಹೇಳಿ: ‘ಹೋದ ಸಲ 60 ನಿಮಿಷದಲ್ಲಿ 25 ನಿಮಿಷ ನೀವೇ ಮಾತಾಡಿದಿರಿ. 10ಕ್ಕೆ ಇಳಿಸಬೇಕು.’ ಸೂಚನೆ, ಹುಬ್ಬು ಹಾರಿಸುವುದು, ಕೆಮ್ಮುವುದು ಇಂಥವರಿಗೆ ತಲುಪುವುದಿಲ್ಲ. ಅಂಕಿ ತಲುಪುತ್ತದೆ, ನೋವನ್ನೂ ಕಡಿಮೆ ಮಾಡುತ್ತದೆ.

ಎರಡನೆಯದು ಹೊಸಬರ ಪರೀಕ್ಷೆ. ‘ಇಷ್ಟೂ ಗೊತ್ತಿಲ್ವಾ?’ ಎಂಬ ಒಂದು ಮಾತು ಕೂಟದಿಂದ ಒಬ್ಬರನ್ನು ಕಾಯಂ ಆಗಿ ಓಡಿಸುತ್ತದೆ. ಎಲ್ಲಿಂದಲೋ ಹೊರದಬ್ಬಿಸಿಕೊಂಡು ಬಂದವರು ತಮ್ಮ ಬಾಗಿಲಲ್ಲೂ ಕಾವಲು ನಿಲ್ಲುವುದು ನೋಡಲು ಸಂಕಟದ ಸಂಗತಿ. ಇದಕ್ಕೆ ಮಾತ್ರ ಕೂಡಲೇ, ಎಲ್ಲರೆದುರೇ ತಡೆ ಹಾಕಿ.

ಮೂರನೆಯದು ಕಣ್ಣಿಗೆ ಬೀಳುವುದೇ ಇಲ್ಲ. ಒಂದೂವರೆ ವರ್ಷವಾಗುವಾಗ ಕೂಟಕ್ಕೆ ತನ್ನದೇ ನುಡಿಗಟ್ಟು, ತನ್ನದೇ ಶತ್ರುಗಳು, ‘ಹೊರಗಿನ ದಡ್ಡರು’ ಎಂಬ ಒಗ್ಗಟ್ಟು ಹುಟ್ಟುತ್ತದೆ. ಆಗ ನಿಮ್ಮದೂ ಒಂದು ಗುಂಪು, ಅದರೊಳಗೂ ಗೋವಿಂದ. ಪತ್ತೆಗೆ ಚೀಟಿಗಳೇ ಸಾಕು: ಸತತ ಮೂರು ಕೂಟಗಳಲ್ಲಿ ಎಲ್ಲ ಚೀಟಿಯೂ ಒಂದೇ ಹೇಳಿದರೆ ಪ್ರಶ್ನೆಗಳು ಹಳಸಿವೆ, ಇಲ್ಲವೇ ಜನ ಅಂಜುತ್ತಿದ್ದಾರೆ. ಸುಳ್ಳು ವಿರೋಧಿಯ ಪಾತ್ರ ಯಾರಿಗೋ ಹಚ್ಚಿದರೆ ಅದನ್ನು ನಾಟಕವೆಂದೇ ಕೇಳುತ್ತಾರೆ, ಹೆಚ್ಚು ಉಪಯೋಗವಿಲ್ಲ. ನಿಜವಾಗಿಯೂ ಬೇರೆ ಯೋಚಿಸುವ ಒಬ್ಬರನ್ನು ಎರಡು ಕೂಟಕ್ಕೆ ಅತಿಥಿಯಾಗಿ ಕರೆಯಿರಿ, ಮೊದಲ ಮಾತು ಅವರಿಗೆ ಕೊಡಿ.

ಸುಮ್ಮನಿರುವವರನ್ನು ತೊಂದರೆಯೆಂದು ಎಣಿಸಬೇಡಿ. ಚೀಟಿ ಬರೆಯುತ್ತಿದ್ದಾರೆ, ಮತ್ತೆ ಮತ್ತೆ ಬರುತ್ತಿದ್ದಾರೆ ಎಂದರೆ ಅವರು ಕೂಟದಲ್ಲೇ ಇದ್ದಾರೆ. ಎರಡು ಸಲ ಸತತ ಬಾರದವರಿಗೆ ಮಾತ್ರ ಒಂದು ಸಾಲು ಬರೆಯಿರಿ: ‘ಮುಂದಿನದು ಇಂಥ ದಿನ, ನಿಮ್ಮ ಕುರ್ಚಿ ಇದೆ.’ ಕಾರಣ ಕೇಳಬೇಡಿ.

ಜನ ಹೆಚ್ಚಾದರೆ ಕೋಣೆ ದೊಡ್ಡದು ಮಾಡಬೇಡಿ. ಜಂಟೊದ ಮಿತಿ 12 ಜನ. ಇನ್ನಷ್ಟು ಜನರನ್ನು ಸೇರಿಸೋಣ ಎಂಬ ಮಾತು ಬಂದಾಗ ಫ್ರಾಂಕ್ಲಿನ್ ಒಪ್ಪದೆ, ಒಬ್ಬೊಬ್ಬ ಸದಸ್ಯನೂ ಅದೇ ನಿಯಮಗಳ ಬೇರೊಂದು ಕೂಟ ಶುರುಮಾಡಲಿ ಎಂದರು; ಕೆಲವರು ಮಾಡಿದರು ಕೂಡ. ಎಂಟನೆಯವರು ಬಂದ ದಿನ ನೀವೂ ಹಾಗೇ ಒಡೆಯಿರಿ, ಒಬ್ಬರನ್ನೂ ಒಂಟಿಯಾಗಿ ಕಳಿಸದೆ, ಒಗ್ಗಿಕೊಂಡ ಇಬ್ಬಿಬ್ಬರನ್ನು ಜತೆಯಾಗಿ. ನಿಯಮದ ಹಾಳೆಯ ನಕಲು, ಟೈಮರ್, ಖಾಲಿ ಪುಸ್ತಕ ಅವರ ಕೈಗೆ ಕೊಡಿ.