ಜಾನ್ ಆಫ್ ಗಾಂಟ್‌ನ ವಂಶವೃಕ್ಷ: ತಾಯಂದಿರನ್ನು ಹಿಡಿದು ಬರೆದ ಬಗೆ

ಇಂಗ್ಲೆಂಡಿನ ಮೂರನೇ ಎಡ್ವರ್ಡ್‌ನ ಮಗ ಜಾನ್ ಆಫ್ ಗಾಂಟ್ (1340–1399) ತಾನು ಇಂಗ್ಲೆಂಡಿನ ಸಿಂಹಾಸನ ಏರಲಿಲ್ಲ. ಅವನ ಮಕ್ಕಳು ಮೊಮ್ಮಕ್ಕಳು ಮಾತ್ರ ಇಂಗ್ಲೆಂಡ್, ಪೋರ್ಚುಗಲ್, ಕ್ಯಾಸ್ಟೀಲ್, ಸ್ಕಾಟ್ಲೆಂಡ್ ನಾಲ್ಕೂ ಕಡೆ ರಾಜರೋ ರಾಣಿಯರೋ ಆದರು. ಮದುವೆ ಮೂರು, ಮದುವೆಯ ಹೊರಗೂ ಸಂತಾನ. ಅಪ್ಪನನ್ನು ಮೇಲಿಟ್ಟು ಮಕ್ಕಳನ್ನು ಹುಟ್ಟಿದ ಕ್ರಮದಲ್ಲಿ ಕೆಳಗೆ ಬರೆಯುವ ಮಾಮೂಲಿ ಪದ್ಧತಿ ಇಲ್ಲಿ ಎರಡನೇ ಸಾಲಿಗೇ ಕೈಕೊಡುತ್ತದೆ. ಹಾಗಾಗಿ ನಾನು ಪ್ರತಿ ತಾಯಿಗೂ ಒಂದು ಅಕ್ಷರ ಕೊಟ್ಟು ಶುರುಮಾಡಿದೆ.

ಮದುವೆಯ ಕ್ರಮದಲ್ಲಿ ಬ್ಲಾಂಚ್ ಆಫ್ ಲ್ಯಾಂಕಾಸ್ಟರ್ 'ಅ', ಕ್ಯಾಸ್ಟೀಲ್‌ನ ಕಾನ್‌ಸ್ಟನ್ಸ್ 'ಆ', ಕ್ಯಾಥರೀನ್ ಸ್ವಿನ್‌ಫರ್ಡ್ 'ಇ'. ಹೆಸರಿನ ಮೊದಲಕ್ಷರ ಬಳಸಲು ಹೋದರೆ ಎರಡು 'ಕ' ಎದುರಾಗುತ್ತವೆ. ಅ-1 ಫಿಲಿಪ್ಪಾ, ಅ-2 ಎಲಿಜಬೆತ್, ಅ-3 ಮುಂದೆ ನಾಲ್ಕನೇ ಹೆನ್ರಿಯಾದವನು. ಎಳವೆಯಲ್ಲೇ ತೀರಿಕೊಂಡವರಿಗೆ ಸಂಖ್ಯೆಯಿಲ್ಲ, ಚುಕ್ಕೆ ಮಾತ್ರ. ಈ ಸಂಕೇತ ಬೇಡವೆನಿಸಿದರೆ ಬ್ಲಾಂಚ್‌ಗಳನ್ನು ಎಣಿಸಿ ನೋಡಿ: ಒಬ್ಬಳು ಹೆಂಡತಿ, ಒಬ್ಬಳು ಮದುವೆಯಾಚೆಯ ಮಗಳು, ಇನ್ನೊಬ್ಬಳು ಕ್ಯಾಥರೀನ್‌ಗೆ ಮೊದಲ ಗಂಡನಿಂದ ಹುಟ್ಟಿದವಳು. ಗಾಂಟ್‌ನಿಂದ ಕ್ಯಾಥರೀನ್‌ಗೆ ಹುಟ್ಟಿದ ಮಕ್ಕಳ ಮನೆತನದ ಹೆಸರು ಬೋಫರ್ಟ್; ಅದರಲ್ಲಿ ಜೋನ್ ಬೋಫರ್ಟ್‌ಗಳು ಇಬ್ಬರು, ಅತ್ತೆ ಮತ್ತು ಸೋದರನ ಮಗಳು.

ಸಾಫ್ಟ್‌ವೇರ್ ಕೇಳುವ ಮನೆತನದ ಹೆಸರಿನ ಜಾಗದಲ್ಲಿ 'ಗಾಂಟ್' ಹಾಕಬೇಡಿ. ಅದು ಅವನು ಹುಟ್ಟಿದ ಗೆಂಟ್ ಊರು. ಹಾಕಿದರೆ ಆ ತಂತ್ರಾಂಶ ಮಕ್ಕಳಿಗೆಲ್ಲ ಗಾಂಟ್ ಎಂದು ಅಂಟಿಸಿ ಬಿಡುತ್ತದೆ, ಆಮೇಲೆ ಒಂದೊಂದಾಗಿ ಕೀಳಬೇಕು. ಜಾಗ ಖಾಲಿ ಬಿಟ್ಟು, ಊರನ್ನು ಜನ್ಮಸ್ಥಳದಲ್ಲಿ ನಮೂದಿಸುವುದೇ ಸರಿ.

ಹೆಚ್ಚು ಹೊತ್ತು ಹಿಡಿದದ್ದು ತಾರೀಖು. ಆಗಿನ ಇಂಗ್ಲೆಂಡಿನಲ್ಲಿ ವರ್ಷ ಬದಲಾಗುತ್ತಿದ್ದುದು ಮಾರ್ಚ್ 25ಕ್ಕೆ. ಗಾಂಟ್ ಸತ್ತ 1399ರ ಫೆಬ್ರುವರಿ 3, ಅವರ ಲೆಕ್ಕದಲ್ಲಿ ಇನ್ನೂ 1398. ದಾಖಲೆಗಳಲ್ಲಿ ಬಹುಪಾಲು ಆಳ್ವಿಕೆಯ ವರ್ಷವೇ ಇರುತ್ತದೆ. ಮೂರನೇ ಎಡ್ವರ್ಡ್‌ನ ಮೊದಲ ವರ್ಷ 1327ರ ಜನವರಿ 25ಕ್ಕೆ ಶುರು, ಆದ್ದರಿಂದ ಆಳ್ವಿಕೆಯ ವರ್ಷಕ್ಕೆ 1326 ಕೂಡಿಸಬೇಕು. ಜನವರಿ 1ರಿಂದ 24ರೊಳಗಿನ ತಾರೀಖಾದರೆ ಇನ್ನೊಂದು. 45ನೇ ವರ್ಷದ ಸೆಪ್ಟೆಂಬರ್ ಎಂದರೆ 1371, ಕಾನ್‌ಸ್ಟನ್ಸ್ ಜೊತೆ ಮದುವೆಯಾದ ತಿಂಗಳು. ಪೋರ್ಚುಗಲ್ ಕಡೆ ಹೋದರೆ ಇನ್ನೊಂದು ಗುಂಡಿ: ಅಲ್ಲಿ 1422ರವರೆಗೆ ಹಿಸ್ಪಾನಿಕ್ ಶಕ, 38 ಕಳೆಯಬೇಕು. ಫಿಲಿಪ್ಪಾ ಅಲ್ಲಿನ ರಾಜ ಒಂದನೇ ಜಾನ್‌ನನ್ನು ಮದುವೆಯಾದದ್ದು ಆ ಶಕದ 1425, ನಮಗೆ 1387.

ಬ್ಲಾಂಚ್ ಸತ್ತ ವರ್ಷ ಹಳೆಯ ಪುಸ್ತಕಗಳಲ್ಲಿ 1369. ಆದರೆ ಗಾಂಟ್‌ನ ಮರುಮದುವೆಯ ಮಾತುಕತೆಯ ಪತ್ರ 1368ರ ಕೊನೆಯಲ್ಲೇ ಸಿಗುತ್ತದೆ. ಹೆಂಡತಿ ಬದುಕಿರುವಾಗ ಆ ಪತ್ರ ಹುಟ್ಟುವುದಿಲ್ಲ. 1368ರ ಸೆಪ್ಟೆಂಬರ್ 12 ಎಂದು ತಿದ್ದಿಕೊಂಡೆ.

ಬ್ಲಾಂಚ್‌ಳನ್ನು ಕೆಳಗಿನಿಂದ ಮೇಲಕ್ಕೂ ಬರೆಯಿರಿ. ತಂದೆ ಹೆನ್ರಿ, ಅಜ್ಜ ಹೆನ್ರಿ, ಮುತ್ತಜ್ಜ ಎಡ್ಮಂಡ್, ಅವನಪ್ಪ ಮೂರನೇ ಹೆನ್ರಿ. ಗಾಂಟ್‌ನದೂ ಮೂವರು ಎಡ್ವರ್ಡ್‌ಗಳನ್ನು ದಾಟಿದರೆ ಅದೇ ಮೂರನೇ ಹೆನ್ರಿ. ಎರಡೂ ಕಡೆ ಗಂಡು ಸಾಲೇ, ಅಂದರೆ ನಮ್ಮ ಲೆಕ್ಕದಲ್ಲಿ ಒಂದೇ ಗೋತ್ರ! ಅಲ್ಲಿ ಪೋಪ್‌ನ ಅನುಮತಿ ಪತ್ರದಿಂದ ಕೆಲಸ ಮುಗಿಯಿತು. ಮದುವೆ 1359ರಲ್ಲಿ, 1361ರಲ್ಲಿ ಮಾವ, 1362ರಲ್ಲಿ ಮಕ್ಕಳಿಲ್ಲದ ಅತ್ತಿಗೆ ಮಾಡ್ ತೀರಿಕೊಂಡು ಲ್ಯಾಂಕಾಸ್ಟರ್ ಆಸ್ತಿಯೆಲ್ಲ ಈ ದಂಪತಿಗೆ ಬಂತು. ಅದೇ ವರ್ಷ ಅವನು ಡ್ಯೂಕ್. ಮಾಡ್‌ಳನ್ನು ಪಟದಿಂದ ಬಿಟ್ಟರೆ ಆ ಸಂಪತ್ತು ಎಲ್ಲಿಂದ ಬಂತೆಂಬುದೇ ಕಾಣುವುದಿಲ್ಲ.

ನಿಜವಾದ ಇಕ್ಕಟ್ಟು 'ಇ' ಸಾಲಿನದು. ಜಾನ್, ಹೆನ್ರಿ, ಥಾಮಸ್, ಜೋನ್ ಈ ನಾಲ್ವರು ಬೋಫರ್ಟ್‌ಗಳೂ ಕಾನ್‌ಸ್ಟನ್ಸ್ ಬದುಕಿದ್ದಾಗಲೇ ಹುಟ್ಟಿದವರು. ಜನನ ವರ್ಷಗಳ ಮುಂದೆ 'ಸು.' (ಸುಮಾರು) ಕಡ್ಡಾಯ. ಕಾನ್‌ಸ್ಟನ್ಸ್ ಸತ್ತದ್ದು 1394, ಕ್ಯಾಥರೀನ್ ಜೊತೆ ಲಿಂಕನ್ ಕ್ಯಾಥೆಡ್ರಲ್‌ನಲ್ಲಿ ಮದುವೆ 1396ರ ಜನವರಿಯಲ್ಲಿ, ಪೋಪ್ ಒಂಬತ್ತನೇ ಬೋನಿಫೇಸ್‌ನ ಒಪ್ಪಿಗೆ ಅದೇ ಸೆಪ್ಟೆಂಬರ್, ಪಾರ್ಲಿಮೆಂಟಿನಲ್ಲಿ ಎರಡನೇ ರಿಚರ್ಡ್ ಮಕ್ಕಳನ್ನು ಔರಸರೆಂದು, ಅಂದರೆ ಮದುವೆಯೊಳಗೆ ಹುಟ್ಟಿದವರಿಗೆ ಸಮನೆಂದು, ಸಾರಿದ್ದು 1397. ಅಲ್ಲಿಗೂ ಮುಗಿಯಲಿಲ್ಲ. 1407ರಲ್ಲಿ ಮಲಸೋದರ ನಾಲ್ಕನೇ ಹೆನ್ರಿ ಆ ಮಾನ್ಯತೆಯ ಪತ್ರಕ್ಕೆ 'ರಾಜಪದವಿಯೊಂದನ್ನು ಬಿಟ್ಟು' ಎಂಬರ್ಥದ ಲ್ಯಾಟಿನ್ ಪದಗಳನ್ನು ಸೇರಿಸಿದ. ಔರಸ ಹೌದು ಅಥವಾ ಅಲ್ಲ ಎಂಬ ಒಂದೇ ಟಿಕ್ ಗುರುತಿನಲ್ಲಿ ಇದನ್ನೆಲ್ಲ ಹಿಡಿಯಲಾಗದು. ನಾನು ಆ ಕಾಲಂ ಅಳಿಸಿ ನಾಲ್ಕು ಮಾಡಿದೆ: ಜನನ, ತಂದೆತಾಯಿಯ ಮದುವೆ, ಮಾನ್ಯತೆ, ಷರತ್ತು. 1485ರಲ್ಲಿ ಸಿಂಹಾಸನ ಹಿಡಿದ ಏಳನೇ ಹೆನ್ರಿಯ ಗೆರೆ ಇ-1ರ ಮೂಲಕವೇ ಬರುವುದರಿಂದ ನಾಲ್ಕನೇ ಕಾಲಂ ಇಲ್ಲದೆ ಅವನ ವಿರೋಧಿಗಳ ವಾದ ಅರ್ಥವಾಗದು.

ಹಾಳೆ ಎ3, ಅಡ್ಡಲಾಗಿ, ಐದು ತಲೆಮಾರಿಗೆ ಸಾಕು. ನಾಲ್ಕನೆಯದರಲ್ಲಿ ಗೆರೆಗಳು ಹೆಣೆದುಕೊಳ್ಳುತ್ತವೆ: ಏಳನೇ ಹೆನ್ರಿ ಇ-1ರಿಂದ, ಅವನ ಹೆಂಡತಿ ಎಲಿಜಬೆತ್ ಆಫ್ ಯಾರ್ಕ್ ಇ-4 ಜೋನ್‌ಳಿಂದ, ಇಬ್ಬರೂ ಅಷ್ಟೇ ದೂರ. ಅವರ ಮಗ ಎಂಟನೇ ಹೆನ್ರಿಯ ಮೊದಲ ಹೆಂಡತಿ ಆರಗಾನ್‌ನ ಕ್ಯಾಥರೀನ್ ಕೂಡ ಕಾನ್‌ಸ್ಟನ್ಸ್‌ಳ ಸಾಲಿನವಳೇ: ಕಾನ್‌ಸ್ಟನ್ಸ್‌ಳ ಮಗಳಿಗೆ ಅವಳು ಮೊಮ್ಮಗಳ ಮಗಳು, ಮರಿಮಗಳ ಮಗಳಲ್ಲ. ಇಲ್ಲಿ ನನ್ನ ಮೊದಲ ಕರಡಿನಲ್ಲಿ ಒಂದು ತಲೆಮಾರು ಹೆಚ್ಚಾಗಿತ್ತು. ಅಡ್ಡ ಗೆರೆ ಎಳೆಯುವ ಬದಲು ಅದೇ ವ್ಯಕ್ತಿಗೆ ಎರಡು ಪೆಟ್ಟಿಗೆ ಹಾಕಿ, ಎರಡರಲ್ಲೂ ಎರಡೂ ಸಂಕೇತ ಬರೆದರೆ ಓದಲಾಗುತ್ತದೆ.

ನಮ್ಮ ಕರಾವಳಿಗೆ ತಾಗುವ ಕೊಂಬೆ ಅ-1ರದು. 1497ರಲ್ಲಿ ವಾಸ್ಕೊ ಡ ಗಾಮನನ್ನು ಕಳಿಸಿದ, 1510ರಲ್ಲಿ ಗೋವೆ ಪೋರ್ಚುಗೀಸರ ಕೈಗೆ ಬಂದಾಗ ಆಳುತ್ತಿದ್ದ ಪೋರ್ಚುಗಲ್‌ನ ದೊರೆ ಮ್ಯಾನುಯೆಲ್ ಫಿಲಿಪ್ಪಾಳ ಮರಿಮಗ. ಅವನ ತಂದೆ ಫರ್ನಾಂಡೊ, ತಾಯಿ ಬಿಯಾಟ್ರಿಸ್ ಇಬ್ಬರೂ ಅವಳ ಮೊಮ್ಮಕ್ಕಳೇ. ಅವನಿಗೂ ಎರಡು ಪೆಟ್ಟಿಗೆ.