ಕಂಪನಿ ಬೇರೆ, ಗುಲಾಬಿ ಅದೇ: ಶೇಡ್ ಕೊನೆಗೂ ಕೂತ ಬಗೆ

ಒಂದು ಕಂಪನಿಯ ತಿಳಿ ಗುಲಾಬಿಯನ್ನು ಇನ್ನೊಂದು ಕಂಪನಿಯ ಬೇಸ್‌ನಲ್ಲಿ, ಅಂದರೆ ಬಣ್ಣ ಬೆರೆಸುವ ಮೊದಲಿನ ಬಿಳಿ ಪೇಂಟ್‌ನಲ್ಲಿ, ತರಲು ಆಗುವುದೇ ಇಲ್ಲ, ರೂಮು ಪೂರ್ತಿ ಮತ್ತೆ ಹೊಡಿ ಎಂದವರೇ ಹೆಚ್ಚು. ಆಗುತ್ತದೆ. ರಿಪೇರಿಯಾದ ಗೋಡೆ ಹಳೆಯ ಗೋಡೆಗೆ ಅಂಟಿಕೊಂಡೇ ಇದೆ. ಹಗಲಲ್ಲಾಗಲಿ ರಾತ್ರಿ ಲೈಟಿನಲ್ಲಾಗಲಿ ಯಾವುದು ಹೊಸದು ಎಂದು ಇದುವರೆಗೆ ಯಾರೂ ಸರಿಯಾಗಿ ತೋರಿಸಿಲ್ಲ. ಅಲ್ಲಿಗೆ ಮುಟ್ಟುವಷ್ಟರಲ್ಲಿ ಸುಮಾರು 10 ಲೀಟರ್ ಪೇಂಟ್ ಕೆಲಸಕ್ಕೆ ಬಾರದೆ ಹೋಯಿತು ಎನ್ನುವುದೂ ನಿಜ. ಆ ದುಡ್ಡಿನಲ್ಲಿ ರೂಮಿನ ಮುಕ್ಕಾಲು ಭಾಗ ಹೊಡೆಯಬಹುದಿತ್ತು.

ಮೊದಲ 4 ಲೀಟರ್ ಹೋದದ್ದು ಶೇಡ್ ನಂಬರ್ ನಂಬಿ. ಅಂಗಡಿಯಲ್ಲಿ ಬಣ್ಣ ಅಳೆದು ಬೆರೆಸುವ ಟಿಂಟಿಂಗ್ ಮಷಿನ್‌ನಲ್ಲಿ ಬೇರೆ ಕಂಪನಿಯ ನಂಬರ್ ಹಾಕಿದರೂ ಫಾರ್ಮುಲಾ ಬಂತು. ಒಣಗಿದ ಮೇಲೆ ಬಣ್ಣ ಕಿತ್ತಳೆಯ ಕಡೆಗೆ ವಾಲಿತ್ತು. ಹಳೆಯ ಶೇಡ್‌ಗೆ ಜೀವಾಳ ಮೆಜೆಂಟಾ (ನೀಲಿಯತ್ತ ವಾಲುವ ಗಾಢ ಗುಲಾಬಿ), ಹೊಸ ಫಾರ್ಮುಲಾದಲ್ಲಿ ಅದು ಇರಲೇ ಇಲ್ಲ. ತುಕ್ಕಿನ ಕೆಂಪಿನ ರೆಡ್ ಆಕ್ಸೈಡ್ ಮೇಲೆಯೇ ಕಟ್ಟಿದ್ದರು. ಆಕ್ಸೈಡ್ ಬಿಸಿಲಿಗೆ ಜಗ್ಗುವುದಿಲ್ಲ, ಆದರೆ ಅದರೊಳಗೇ ಹಳದಿ ಛಾಯೆ ಕೂತಿರುತ್ತದೆ. ತಿಳಿ ಗುಲಾಬಿಯಲ್ಲಿ ಅದು ಮೊದಲು ಕಣ್ಣಿಗೆ ಬೀಳುತ್ತದೆ.

ಎರಡನೇ ಡಬ್ಬಿ ಗೋಡೆಯ ಬಣ್ಣ ಓದಿ ಫಾರ್ಮುಲಾ ಕೊಡುವ ಸ್ಕ್ಯಾನರ್‌ನಿಂದ. ಡೆಲ್ಟಾ ಇ (ಎರಡು ಬಣ್ಣಗಳ ಅಂತರದ ಅಳತೆ, ಕಡಿಮೆಯಿದ್ದಷ್ಟೂ ಒಳ್ಳೆಯದು) ನೆನಪಿರುವಂತೆ 0.6 ಆಸುಪಾಸು, ಅಂದರೆ ಸಂಖ್ಯೆಯಲ್ಲಿ ಒಳ್ಳೆಯ ಮ್ಯಾಚ್. ಹಗಲಲ್ಲಿ ಸರಿಯಾಗಿಯೇ ಇತ್ತು. 2700 ಕೆಲ್ವಿನ್‌ನ ಹಳದಿ ಬಲ್ಬ್ ಹಾಕಿದ್ದೇ ತಡ, ಹೊಸ ಭಾಗ ತೇಪೆ ಹಾಕಿದಂತೆ ಎದ್ದು ಕಂಡಿತು. ಪಿಗ್ಮೆಂಟ್, ಅಂದರೆ ಬಣ್ಣ ಕೊಡುವ ಪುಡಿ, ಬೇರೆಯಾಗಿದ್ದರೆ ಒಂದು ಬೆಳಕಿನಲ್ಲಿ ಹೊಂದಿದ್ದು ಇನ್ನೊಂದರಲ್ಲಿ ಒಡೆಯುತ್ತದೆ. ಅದನ್ನು ಕೈಯಲ್ಲೇ ತಿದ್ದಲು ಹೋದದ್ದು ಎಲ್ಲಕ್ಕಿಂತ ದುಬಾರಿ ತಪ್ಪು. ಮೆಜೆಂಟಾ ಸ್ವಲ್ಪ ಹೆಚ್ಚಾಯಿತು, ಇಳಿಸಲು ಬಿಳಿ ಬೇಸ್ ಸುರಿದು 4 ಲೀಟರ್ 6 ಆಯಿತು, ಬಣ್ಣ ಮಾತ್ರ ಬರಲಿಲ್ಲ. ತಿಳಿ ಶೇಡ್‌ನಲ್ಲಿ ಸ್ಟೇನರ್ (ಬೇಸ್‌ಗೆ ಬೆರೆಸುವ ಗಟ್ಟಿ ಬಣ್ಣ) ಸೇರಿಸುವುದು ಹನಿ ಲೆಕ್ಕ, ಹೆಚ್ಚಾದದ್ದನ್ನು ಇಳಿಸುವುದು ಲೀಟರ್ ಲೆಕ್ಕ.

ಕೊನೆಗೆ ಕೆಲಸ ಕೊಟ್ಟದ್ದು ಹೀಗೆ. ಹೊಸ ಕಂಪನಿಯ ಬಿಳಿ ಬೇಸ್ 1 ಲೀಟರ್, ಮೆಜೆಂಟಾ, ರೆಡ್ ಆಕ್ಸೈಡ್, ಯೆಲ್ಲೋ ಆಕ್ಸೈಡ್, ಕಪ್ಪು. ಪ್ರತಿ ಸ್ಟೇನರ್ ಅನ್ನು ಅದೇ ಬೇಸ್‌ನಲ್ಲಿ 1ಕ್ಕೆ 9ರಂತೆ ಕಲಸಿ ಬೇರೆ ಬೇರೆ ಡಬ್ಬಿಯಲ್ಲಿಟ್ಟೆ. ಇದನ್ನು ಬಿಟ್ಟರೆ ಸಣ್ಣ ಟ್ರಯಲ್ ಮಾಡುವುದು ಬಹಳ ಕಷ್ಟ: 100 ಗ್ರಾಂ ಬೇಸ್‌ಗೆ ಬೇಕಾದ ಮೆಜೆಂಟಾ 0.15 ಮಿಲಿ ಇರಬಹುದು, ಅದನ್ನು ಸಾಮಾನ್ಯ ಸಿರಿಂಜ್‌ನಲ್ಲಿ ನಂಬಿ ಅಳೆಯುವುದು ಕಷ್ಟ. ತೆಳು ಮಾಡಿದ್ದು 1.5 ಮಿಲಿ ಆಗುತ್ತದೆ, ಧೈರ್ಯವಾಗಿ ಹಾಕಬಹುದು.

ಮಾದರಿಗೆ ಸ್ವಿಚ್ ಬೋರ್ಡ್ ಹಿಂದಿನ ಚೂರನ್ನು ಎತ್ತಬೇಡಿ. ಅಲ್ಲಿ ಬಣ್ಣ ಮಾಸಿರುವುದಿಲ್ಲ, ಮ್ಯಾಚ್ ಮಾಡಬೇಕಾದದ್ದು ಮಾಸಿದ ಗೋಡೆಗೆ. ಗೋಡೆಯನ್ನು ಸೋಪು ನೀರಿನ ಬಟ್ಟೆಯಲ್ಲಿ ಒರೆಸಿ, ಒಣಗಲು ಬಿಟ್ಟು, ಆಮೇಲೆ ಹೋಲಿಸಿ. ಧೂಳಿನ ಪೊರೆಯೇ ಬಣ್ಣವನ್ನು ಬೂದಿಯ ಕಡೆಗೆ ಎಳೆಯುತ್ತದೆ.

ಟ್ರಯಲ್ ಕಾರ್ಡ್‌ಗೆ ಎರಡು ಕೋಟ್, ಅದೂ ಗೋಡೆಗೆ ಬಳಸುವ ರೋಲರ್‌ನಲ್ಲೇ. ಎಮಲ್ಷನ್ (ನೀರು ಬೆರೆಸುವ ಗೋಡೆ ಪೇಂಟ್) ಹಸಿಯಿದ್ದಾಗ ತಿಳಿ, ಒಣಗಿದರೆ ಗಾಢ. ಹಸಿಯಲ್ಲಿ ಸರಿಯಾಗಿ ಕಂಡರೆ ಅದು ಖಂಡಿತ ತಪ್ಪು. ಹೇರ್ ಡ್ರೈಯರ್ ಹಿಡಿದೂ ನೋಡಿದೆ. ಅಂದಾಜಿಗೆ ಸಾಕು, ಕೊನೆಯ ತೀರ್ಮಾನಕ್ಕೆ ರಾತ್ರಿಯಿಡೀ ಒಣಗಿದ ಕಾರ್ಡೇ ಬೇಕು. ಪ್ರತಿ ಕಾರ್ಡ್ ಅನ್ನೂ ಗೋಡೆಗೆ ಅಂಟಿಸಿ ಕಿಟಕಿ ಬೆಳಕಿನಲ್ಲಿ ಒಮ್ಮೆ, ಬಲ್ಬ್‌ನಲ್ಲಿ ಒಮ್ಮೆ ನೋಡಬೇಕು.

ಕೂತ ಅಳತೆ, ತೆಳು ಮಾಡದ ಸ್ಟೇನರ್ ಲೆಕ್ಕದಲ್ಲಿ, ಲೀಟರ್‌ಗೆ ಹೆಚ್ಚುಕಡಿಮೆ ಮೆಜೆಂಟಾ 2 ಮಿಲಿ, ರೆಡ್ ಆಕ್ಸೈಡ್ 0.7, ಯೆಲ್ಲೋ ಆಕ್ಸೈಡ್ 0.3. ನಿಮ್ಮ ಸ್ಟೇನರ್‌ನ ಕಸುವು ಬೇರೆ ಇರುತ್ತದೆ, ಆದ್ದರಿಂದ ಇದನ್ನು ಹಾಗೇ ನಕಲು ಮಾಡಿದರೆ ಬರುವುದಿಲ್ಲ. ಕಪ್ಪನ್ನು ಕೊನೆಗೆ ಕೈಬಿಟ್ಟೆ: ಒಂದು ಹನಿ ಹೆಚ್ಚಾದರೂ ಗುಲಾಬಿ ಸತ್ತು ನೇರಳೆ ಮಿಶ್ರಿತ ಬೂದಿಯಾಗುತ್ತದೆ. ಅದರ ಬದಲು ಕಾಂತಿ ತಗ್ಗಿಸಲು ಹಾಕಿದ್ದು ಬೇರೆ ಒಂದು ಸ್ಟೇನರ್, ಅದೂ ಲೀಟರ್‌ಗೆ ಒಂದೆರಡು ಹನಿ. ಯಾವುದೆಂದು ಇಲ್ಲಿ ಬರೆಯುವುದಿಲ್ಲ, ಬಣ್ಣದ ಚಕ್ರ ಗೊತ್ತಿದ್ದವರಿಗೆ ಹೊಳೆಯುತ್ತದೆ. ಹನ್ನೊಂದನೇ ಕಾರ್ಡ್‌ನಲ್ಲಿ ಬಂತು. ಅಷ್ಟೂ ಟ್ರಯಲ್‌ಗೆ ಖರ್ಚಾದ ಬೇಸ್ 1 ಲೀಟರ್ ಮಾತ್ರ.

ನಡುವೆ ಇನ್ನೊಂದನ್ನೂ ಮಾಡಿ ನೋಡಿದೆ: ಅದೇ ಅಳತೆಯನ್ನು ಸ್ವಲ್ಪ ಹೊಳಪಿರುವ ಸ್ಯಾಟಿನ್ ಬೇಸ್‌ನಲ್ಲಿ. ಹೊಳಪಿಲ್ಲದ ಮ್ಯಾಟ್‌ಗಿಂತ ಒಂದು ಹಂತ ಗಾಢವಾಗಿ ಕಂಡಿತು. ಹೊಳಪು ಹೊಂದದಿದ್ದರೆ ಶೇಡ್ ಎಷ್ಟು ಸರಿಯಿದ್ದರೂ ಪಕ್ಕದಿಂದ ನೋಡಿದಾಗ ಸಿಕ್ಕಿಬೀಳುತ್ತದೆ. ಹಾಗೆಯೇ ಕಾರ್ಡ್ ಇನ್ನೂ ಅರೆಹಸಿಯಿದ್ದಾಗ ಬೆರಳಿನಿಂದ ಉಜ್ಜಿ ನೋಡಿ. ಉಜ್ಜಿದ ಕಡೆ ಬಣ್ಣ ಬದಲಾದರೆ ಸ್ಟೇನರ್ ಆ ಬೇಸ್‌ಗೆ ಒಗ್ಗಿಲ್ಲ ಎಂದರ್ಥ, ಗೋಡೆಯ ಮೇಲೆ ಬ್ರಷ್ ಒಂದು ಬಣ್ಣ, ರೋಲರ್ ಇನ್ನೊಂದು ಬಣ್ಣ ಕೊಡುತ್ತದೆ. ಒಂದು ಕಂಪನಿಯ ಬೇಸ್ ಇದರಿಂದಲೇ ಬಿಡಬೇಕಾಯಿತು.

ಹಚ್ಚುವಾಗ ಪುಟ್ಟಿ ಜಾಗಕ್ಕೆ ಪ್ರೈಮರ್ ತಪ್ಪಿಸಬಾರದು, ಹೀರಿಕೊಂಡ ಕಡೆ ಹೊಳಪು ಸತ್ತು ತೇಪೆ ಕಾಣುತ್ತದೆ. ಕಲಸಿದ ಡಬ್ಬಿಗಳನ್ನೆಲ್ಲ ಒಂದೇ ಬಕೆಟ್‌ಗೆ ಸುರಿದು ಕಲಕಿಕೊಳ್ಳಿ. ಗೋಡೆಯ ನಡುವೆ ನಿಲ್ಲಿಸದೆ ಮೂಲೆಯಿಂದ ಮೂಲೆಗೆ ಹೊಡೆಯಿರಿ. ಮೂಲೆಯಲ್ಲಿ ಎರಡೂ ಗೋಡೆಗೆ ಬೀಳುವ ಬೆಳಕೇ ಬೇರೆ, ಉಳಿದ ಸಣ್ಣ ವ್ಯತ್ಯಾಸ ಅಲ್ಲಿ ಕಾಣುವುದಿಲ್ಲ.