ಹ್ಯಾಕ್ ಆದ ಸೆಲ್ಲರ್ ಅಕೌಂಟು ಜಿಎಸ್‌ಟಿ ಬಾಗಿಲಿಂದ ವಾಪಸ್ ಬಂತು: ನನ್ನ ಅನುಭವ

"ಅಕೌಂಟು ಹೋಯ್ತು ಅಂದ್ಕೊಳ್ಳಿ, ಮೈನಸ್ ಬ್ಯಾಲೆನ್ಸ್ ಕಟ್ಟಿ ಕೈತೊಳ್ಕೊಳ್ಳಿ" ಅಂತ, ಆನ್‌ಲೈನ್ ಮಾರಾಟದ ಸೈಟಿನಲ್ಲಿದ್ದ ನನ್ನ ಸೆಲ್ಲರ್ ಅಕೌಂಟು ಕಳ್ಳರ ಕೈಗೆ ಹೋದಾಗ ಅಂದವರಲ್ಲಿ ನಮ್ಮ ಆಡಿಟರ್ ಒಬ್ಬರು, ಭಾವ ಒಬ್ಬರು, ಉಳಿದಂತೆ ಸೆಲ್ಲರ್‌ಗಳ ವಾಟ್ಸ್‌ಆ್ಯಪ್ ಗುಂಪಿನ ಅರ್ಧಕ್ಕರ್ಧ ಜನ. ಈಗ ಅಕೌಂಟು ಓಡುತ್ತಿದೆ, ಮೈನಸ್ಸು ಸೊನ್ನೆಗೆ ಬಂದಿದೆ, ಅದೇ ಜನ ಫೋನ್ ಮಾಡಿ ಹೇಗೆ ಮಾಡಿದ್ರಿ ಅಂತ ಕೇಳುತ್ತಿದ್ದಾರೆ. ಒಬ್ಬೊಬ್ಬರಿಗೂ ಹೇಳಿ ಹೇಳಿ ಗಂಟಲು ಒಣಗಿತು, ಅದಕ್ಕೇ ಬರೆಯುತ್ತಿದ್ದೇನೆ. ಲೆಕ್ಕವೆಲ್ಲ ನೆನಪಿನಿಂದ ಬರೆದದ್ದು, ಸಾವಿರ ಎರಡು ಸಾವಿರ ಆಚೀಚೆ ಆದೀತು.

ನಮ್ಮದು ಚಿಕ್ಕಮಗಳೂರಿನಲ್ಲಿ ಕಾಫಿ ಪುಡಿ, ಕಾಳುಮೆಣಸು, ಏಲಕ್ಕಿ ವ್ಯಾಪಾರ. ಅಂಗಡಿ ವ್ಯಾಪಾರವಲ್ಲದೆ ಆ ಸೈಟಿನಲ್ಲೇ ತಿಂಗಳಿಗೆ ಒಂದೂಮುಕ್ಕಾಲು ಲಕ್ಷದ ಆಸುಪಾಸು ಹೋಗುತ್ತಿತ್ತು. ಐದಾರು ವರ್ಷದ ಅಕೌಂಟು, ರೇಟಿಂಗು 4.6. ಕಳ್ಳರಿಗೆ ಬೇಕಾಗಿದ್ದು ನನ್ನ ಕಾಫಿಯಲ್ಲ, ಆ ರೇಟಿಂಗು.

ಸೈಟಿಗೆ ಮಾಲಿನ ಫೋಟೊ, ವಿವರ ಏರಿಸಿ ಕ್ಯಾಟಲಾಗ್ ಮಾಡಿಕೊಡುವ ಹುಡುಗನೊಬ್ಬನಿಗೆ ಸಬ್‌ಯೂಸರ್ ಲಾಗಿನ್, ಅಂದರೆ ನನ್ನ ಅಕೌಂಟಿನೊಳಗೆ ಹೋಗಲು ಅವನದೇ ಲಾಗಿನ್, ಇತ್ತು. ನಮ್ಮ ಕಸುಬಿನಲ್ಲಿ ಎಲ್ಲರೂ ಕೊಡುವಂಥದ್ದೇ. ಫೋಟೊ ತಿದ್ದುವ ಯಾವುದೋ ಕ್ರ್ಯಾಕ್ ಮಾಡಿದ ಸಾಫ್ಟ್‌ವೇರ್ ಅವನ ಲ್ಯಾಪ್‌ಟಾಪಿಗೆ ಬಂತು, ಅದರ ಜೊತೆಗೆ ಬ್ರೌಸರಿನ ಸೆಷನ್ನು, ಅಂದರೆ ಆಗಲೇ ಲಾಗಿನ್ ಆಗಿದ್ದೇನೆ ಅನ್ನುವ ಗುರುತು, ಕಳ್ಳರ ಕೈಗೆ ಹೋಯಿತು. ಸೆಷನ್ ಹೋದರೆ ಪಾಸ್‌ವರ್ಡೂ ಬೇಡ, ಒಟಿಪಿಯೂ ಬೇಡ. ಅದೇ ಬ್ರೌಸರಿನಲ್ಲಿ ಅಂಗಡಿಯ ಜಿಮೇಲ್ ಕೂಡ ತೆರೆದಿತ್ತು. 2025ರ ಜೂನ್ ಕೊನೆಯ ವಾರ, ಸುರಿಯುವ ಮಳೆ, ಕರೆಂಟಿನ ಕಣ್ಣುಮುಚ್ಚಾಲೆ, ನಾವು ದಿನಾ ಆರ್ಡರ್ ನೋಡುವುದೇ ಮೊಬೈಲಿನ ನೋಟಿಫಿಕೇಶನ್‌ನಲ್ಲಿ. ನೋಟಿಫಿಕೇಶನ್ನೇ ಬರಲಿಲ್ಲ. ಮೇಲಿನಲ್ಲಿ ಒಂದು ಫಿಲ್ಟರ್ ಕೂರಿಸಿದ್ದರು: ಆ ಸೈಟಿನಿಂದ ಏನೇ ಬಂದರೂ ಓದಿದ್ದು ಅಂತ ಗುರುತಾಗಿ ಸೀದಾ ಕಸದ ಬುಟ್ಟಿಗೆ. ಬ್ಯಾಂಕ್ ಖಾತೆ ಬದಲಾದ ಮೇಲ್ ಕೂಡ ಅಲ್ಲೇ ಬಿದ್ದಿತ್ತು.

ಗೊತ್ತಾದದ್ದು ತುಮಕೂರಿನ ಒಬ್ಬರು ಫೋನ್ ಮಾಡಿದಾಗ. "ನಮ್ಮ ಮಿಕ್ಸಿ ಎಲ್ಲಿ ಸ್ವಾಮಿ?" ಅಂದರು. ಕಾಫಿ ಮಿಕ್ಸ್ ಕೇಳುತ್ತಿದ್ದಾರೆ ಅಂದುಕೊಂಡು ನಾನು ಕಾಫಿ ಚಿಕೋರಿ ಅರವತ್ತು ನಲವತ್ತಾ, ಎಂಬತ್ತು ಇಪ್ಪತ್ತಾ ಅಂತ ವಿಚಾರಿಸಿದೆ. ಸೈಟಿನ ಸೆಲ್ಲರ್ ಪ್ಯಾನೆಲ್ ತೆರೆದು ನೋಡಿದರೆ ನನ್ನ ಹೆಸರಲ್ಲಿ ಮಿಕ್ಸಿ, ಗೀಸರ್, ಡ್ರಿಲ್ಲಿಂಗ್ ಮಷೀನು, ಎಲ್ಲಾ ಅರ್ಧ ಬೆಲೆಗೆ. ಮುನ್ನೂರರ ಮೇಲೆ ಆರ್ಡರು, ಏಳು ಲಕ್ಷದ ಹತ್ತಿರ. ಮಾರಾಟದ ದುಡ್ಡನ್ನು ಸೈಟು ಬ್ಯಾಂಕಿಗೆ ಹಾಕುವ ಸೆಟಲ್‌ಮೆಂಟು ಎರಡು ಸಲ ಕಳ್ಳರ ಖಾತೆಗೆ ಹೋಗಿಯಾಗಿತ್ತು, ಸುಮಾರು ನಾಲ್ಕು ಲಕ್ಷ. ಅದರಲ್ಲಿ ನನ್ನ ಅಸಲಿ ಕಾಫಿ ದುಡ್ಡೂ ಎಪ್ಪತ್ತು ಸಾವಿರ ಸೇರಿತ್ತು. ಮುಂದಿನ ವಾರಗಳಲ್ಲಿ ಗಿರಾಕಿಗಳಿಗೆ ರೀಫಂಡ್ ಕೊಡುತ್ತಾ ಹೋದ ಹಾಗೆ ನನ್ನ ಬ್ಯಾಲೆನ್ಸ್ ಕೆಂಪಾಗುತ್ತಾ ಹೋಗಿ ಮೂರು ಲಕ್ಷ ಚಿಲ್ಲರೆ ಮೈನಸ್ಸಿಗೆ ನಿಂತಿತು. ಅಕೌಂಟು ಸಸ್ಪೆಂಡು.

ಕೈಕೊಟ್ಟ ದಾರಿಗಳನ್ನು ಮೊದಲು ಹೇಳಿಬಿಡುತ್ತೇನೆ. ಸಪೋರ್ಟ್ ಚಾಟ್ ವ್ಯರ್ಥ. ಪ್ರತಿ ಸಲ ಹೊಸ ಹೆಸರು, ಮೊದಲಿನಿಂದ ಕಥೆ, ಕೊನೆಗೆ ಟಿಕೆಟ್ ಕ್ಲೋಸ್. ಪಾಸ್‌ವರ್ಡ್ ಬದಲಿಸಿದ್ದೂ ಪ್ರಯೋಜನಕ್ಕೆ ಬರಲಿಲ್ಲ, ಸಬ್‌ಯೂಸರ್ ಹಾಗೇ ಇದ್ದ, ಒಳಗೆ ಅವರೇ ಕೂರಿಸಿಕೊಂಡ ಇನ್ನೊಬ್ಬನೂ ಇದ್ದ. ಬೆಂಗಳೂರಿನ ವಕೀಲರೊಬ್ಬರಿಂದ ಎಂಟು ಸಾವಿರ ಕೊಟ್ಟು ನೋಟಿಸ್ ಕಳಿಸಿದೆ, ಅದಕ್ಕೆ ಬಂದ ಉತ್ತರ ಚಾಟಿನ ಉತ್ತರಕ್ಕಿಂತ ಉದ್ದ, ಅಷ್ಟೇ. ಭಾವ ತನ್ನ ಹೆಸರಲ್ಲಿ ಹೊಸ ಅಕೌಂಟು ತೆಗೆದ. ಪಿಕಪ್ ವಿಳಾಸ ನಮ್ಮದೇ ಗೋಡೌನು, ವಾರ ಕಳೆಯುವುದರೊಳಗೆ ಅದೂ ಸಸ್ಪೆಂಡ್ ಆದ ಅಕೌಂಟಿಗೆ ಸೇರಿದ ಲಿಂಕ್ಡ್ ಅಕೌಂಟ್ ಅಂತ ಹೋಯಿತು. ಹೊಸದು ತೆಗೀರಿ ಅಂತ ಸಲಹೆ ಕೊಡುವವರು ಇದನ್ನು ಹೇಳುವುದಿಲ್ಲ.

ಇದರ ನಡುವೆ ಹುರಿದಿಟ್ಟ ಬೀಜ ಇನ್ನೂರು ಕೆಜಿ ಮೇಲೆ ಇತ್ತು. ಪಾರ್ಚ್‌ಮೆಂಟ್ ಕಾಫಿಯ (ಹಣ್ಣಿನ ಸಿಪ್ಪೆ ತೆಗೆದು ತೊಳೆದು ಒಣಗಿಸಿದ ಬೀಜ) ದರ ನೆತ್ತಿಗೇರಿದ್ದ ವರ್ಷ ಅದು. ಹುರಿದ ಬೀಜ ಕೂತರೆ ಘಮ ಹೋಗುತ್ತದೆ, ಎರಡು ಹೋಟೆಲಿನವರಿಗೆ ಕೆಜಿಗೆ ನೂರೈವತ್ತು ಕಳೆದುಕೊಂಡು ಕೊಟ್ಟೆ. ಮೂವತ್ತು ಸಾವಿರ ಅಲ್ಲೇ ಹೋಯಿತು. ಸೈಬರ್ ಕ್ರೈಮಿನ ನಷ್ಟದ ಪಟ್ಟಿಯಲ್ಲಿ ಇದಕ್ಕೆ ಕಾಲಮ್ಮೇ ಇಲ್ಲ.

ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆ ಮಾಡಿದರೆ ಮೊದಲು ಕೇಳುವುದು ವ್ಯವಹಾರದ ನಂಬರು. ನಮ್ಮ ತೊಡಕು ಅಲ್ಲೇ ಇರುವುದು. ನಮ್ಮ ಬ್ಯಾಂಕಿನಿಂದ ಒಂದು ಪೈಸೆಯೂ ಹೋಗಿಲ್ಲ, ಬರಬೇಕಾದದ್ದು ಬೇರೆಯವನಿಗೆ ಹೋಗಿದೆ. ಪಾಸ್‌ಬುಕ್ಕಿನಲ್ಲಿ ತೋರಿಸಲು ಏನೂ ಇಲ್ಲ. ಆದರೆ ಪೇಮೆಂಟ್ ಪ್ಯಾನೆಲಿನ ಸೆಟಲ್‌ಮೆಂಟ್ ರಿಪೋರ್ಟಿನಲ್ಲಿ ಪ್ರತಿ ಪಾವತಿಗೂ ಯುಟಿಆರ್, ಅಂದರೆ ಬ್ಯಾಂಕ್ ವ್ಯವಹಾರದ ಗುರುತಿನ ನಂಬರು, ಇರುತ್ತದೆ. ಅಕೌಂಟು ಸಸ್ಪೆಂಡ್ ಆದರೂ ಆ ರಿಪೋರ್ಟು ನನಗೆ ಕೆಲವು ದಿನ ಡೌನ್‌ಲೋಡ್ ಆಗುತ್ತಿತ್ತು. ಮೊದಲು ಅದನ್ನು ಇಳಿಸಿಕೊಳ್ಳಿ, ಅಳುವುದು ಆಮೇಲೆ. ಯುಟಿಆರ್‌ನ ಮೊದಲ ನಾಲ್ಕು ಅಕ್ಷರ ದುಡ್ಡು ಕಳಿಸಿದ ಬ್ಯಾಂಕಿನದು, ಪಡೆದವನದಲ್ಲ. ಇದನ್ನು ತಿಳಿಯದೆ ತಪ್ಪು ಬ್ಯಾಂಕಿನ ಬಾಗಿಲು ತಟ್ಟಿದವರನ್ನು ನೋಡಿದ್ದೇನೆ. ಪಡೆದವನ ಖಾತೆ ಯಾವುದು ಅಂತ ಕಳಿಸಿದ ಬ್ಯಾಂಕಿಗೆ ಪೊಲೀಸರೇ ಬರೆದು ಕೇಳಬೇಕು.

ಮೊದಲು ಹೋದ ಠಾಣೆಯಲ್ಲಿ "ನಿಮ್ ದುಡ್ಡು ಹೋಗಿಲ್ವಲ್ರೀ, ಮಿಕ್ಸಿ ತಗಂಡೋರು ಬಂದು ಕಂಪ್ಲೇಂಟ್ ಕೊಡ್ಲಿ" ಅಂದರು. ಐಟಿ ಕಾಯ್ದೆಯ ತನಿಖೆ ಇನ್‌ಸ್ಪೆಕ್ಟರ್ ದರ್ಜೆಗಿಂತ ಕೆಳಗಿನವರು ಮಾಡುವ ಹಾಗೂ ಇಲ್ಲ. ಸೀದಾ ಸೈಬರ್ ಅಪರಾಧ ನೋಡುವ ಸಿಇಎನ್ ಠಾಣೆಗೆ ಹೋದೆ. ಐಟಿ ಕಾಯ್ದೆಯ 66ಸಿ, 66ಡಿ, ಜೊತೆಗೆ ವಂಚನೆಗೆ ಭಾರತೀಯ ನ್ಯಾಯ ಸಂಹಿತೆಯ (ಬಿಎನ್‌ಎಸ್) 318, ಎಫ್‌ಐಆರ್ ಆಯಿತು. ಅಷ್ಟು ಸುಲಭವಾಗಿ ಆಗಲು ಕಾರಣ ನಾನು ಒಯ್ದಿದ್ದ ಎಕ್ಸೆಲ್ ಹಾಳೆ. ಸ್ವಲ್ಪ ಕೊಚ್ಚಿಕೊಳ್ಳುತ್ತೇನೆ, ಸಹಿಸಿಕೊಳ್ಳಿ.

ಕಳ್ಳರು ಸೆಲ್ಫ್ ಶಿಪ್ (ಮಾಲನ್ನು ಮಾರುವವನೇ ಕಳಿಸುವ ವ್ಯವಸ್ಥೆ) ಆನ್ ಮಾಡಿ ಪ್ರತಿ ಆರ್ಡರಿಗೂ ಒಂದು ಸ್ಪೀಡ್ ಪೋಸ್ಟ್ ನಂಬರ್ ತುಂಬಿದ್ದರು. ಎಲ್ಲವೂ ಅಸಲಿ ನಂಬರುಗಳೇ, ಯಾರದೋ ಪತ್ರ ಅದೇ ಪಿನ್‌ಕೋಡಿಗೆ ಹೋಗುತ್ತಿರುವುದನ್ನು ಹಿಡಿದು ತುಂಬುವುದು. ಪಿನ್ ತಾಳೆಯಾಯಿತು, ಡೆಲಿವರ್ಡ್ ಅಂತ ಬಂತು, ಕಂಪ್ಯೂಟರ್ ದುಡ್ಡು ಬಿಡುತ್ತದೆ. ನಾನು ಅಂಚೆಯ ಟ್ರ್ಯಾಕಿಂಗ್ ಪುಟದಲ್ಲಿ ಒಂದೊಂದೇ ನಂಬರ್ ಹಾಕುತ್ತಾ ಕೂತೆ. ತುಮಕೂರಿನವರದೇ ತಗೊಳ್ಳಿ. ಸಾವಿರ ವಾಟಿನ ಮಿಕ್ಸಿ, ಮೂರು ಜಾರು. ಆರ್ಡರ್ ಮಾಡಿದ್ದು ಜೂನ್ 26. ಆ ನಂಬರಿನ ಸ್ಪೀಡ್ ಪೋಸ್ಟ್ ಹೊರರಾಜ್ಯದಲ್ಲಿ ಬುಕ್ ಆಗಿದ್ದು ಜೂನ್ 23. ಪಿನ್ 572101 ಸರಿಯಿದೆ. ಕೆಳಗೆ ದರ ಅಂತ ಇರುತ್ತದಲ್ಲ, ಅಲ್ಲಿ 41 ರೂಪಾಯಿ 30 ಪೈಸೆ. ಆಗ ಅದು ಐವತ್ತು ಗ್ರಾಂ ಒಳಗಿನ ಪತ್ರದ ದರ. ಆರ್ಡರ್ ಬರುವ ಮೂರು ದಿನ ಮೊದಲೇ, ಐವತ್ತು ಗ್ರಾಮಿನ ಲಕೋಟೆಯಲ್ಲಿ, ಮೂರು ಜಾರಿನ ಮಿಕ್ಸಿ! ನಲವತ್ತು ಆರ್ಡರ್ ಹೀಗೆ ತೆಗೆದೆ, ಬಹುಪಾಲು 41.30. ಆ ಕಾಲಮ್ಮಿಗೆ ಹಳದಿ ಬಣ್ಣ ಬಳಿದು ಮುಂದಿಟ್ಟೆ. ಇನ್‌ಸ್ಪೆಕ್ಟರ್ ನೋಡಿ ನಕ್ಕರು, ಮರುಮಾತಿಲ್ಲದೆ ದೂರು ತಗೊಂಡರು. ಪ್ರಿಂಟೌಟ್‌ಗಳಿಗೆ ಸಾಕ್ಷ್ಯ ಅಧಿನಿಯಮದ 63ರ ಪ್ರಮಾಣಪತ್ರ ಬೇಕು, ಅದರ ನಮೂನೆಯಲ್ಲಿ ಫೈಲಿನ ಹ್ಯಾಶ್, ಅಂದರೆ ಫೈಲಿನ ಬೆರಳಚ್ಚಿನಂಥ ಸಂಕೇತ, ಕೇಳುತ್ತದೆ. ಇಳಿಸಿದ ದಿನವೇ ಹ್ಯಾಶ್ ತೆಗೆದಿಡಿ.

ಎಫ್‌ಐಆರ್ ಪ್ರತಿ ಕಳಿಸಿದರೂ ಕಂಪನಿ ಅಲ್ಲಾಡಲಿಲ್ಲ. ನಾನು ಪಟ್ಟು ಹಾಕಿದ್ದು ಜಿಎಸ್‌ಟಿಯಲ್ಲಿ.

ಸೈಟಿನಲ್ಲಾದ ಮಾರಾಟಕ್ಕೆ ಕಂಪನಿ ನಮ್ಮ ದುಡ್ಡಿನಿಂದ ಒಂದಿಷ್ಟು ತೆರಿಗೆ ಮುರಿದುಕೊಂಡು ಸರ್ಕಾರಕ್ಕೆ ಕಟ್ಟುತ್ತದೆ, ಅದೇ ಟಿಸಿಎಸ್. ಜುಲೈ 10ರ ಹೊತ್ತಿಗೆ ಅವರು ಅದರ ಲೆಕ್ಕದ ರಿಟರ್ನ್ ಜಿಎಸ್‌ಟಿಆರ್-8 ಹಾಕುತ್ತಾರಲ್ಲ, ಆಮೇಲೆ ನಮ್ಮ ಜಿಎಸ್‌ಟಿ ಪೋರ್ಟಲಿನಲ್ಲಿ ಅದು ಟಿಸಿಎಸ್ ಕ್ರೆಡಿಟ್ ಅಂತ ಬರುತ್ತದೆ. ನನ್ನ ಜಿಎಸ್‌ಟಿ ನಂಬರಿಗೆ ಜೂನ್ ಮಾರಾಟ ಎಂಟೂವರೆ ಲಕ್ಷದ ಮೇಲೆ ಅಂತ ಬಂದಿತ್ತು. ರೀಫಂಡು ಬಹಳಷ್ಟು ಜುಲೈನಲ್ಲಿ ಆದದ್ದು, ಹಾಗಾಗಿ ಜೂನ್ ಲೆಕ್ಕದಲ್ಲಿ ಮಿಕ್ಸಿಗಳೆಲ್ಲ ನನ್ನವೇ. ಆಡಿಟರ್ ಹೇಳಿದ್ದು, "ಸುಮ್ನೆ ಅಕ್ಸೆಪ್ಟ್ ಮಾಡಿ ಸಾರ್, ಮಿಕ್ಸಿದೂ ತೋರಿಸಿ ಹದಿನೆಂಟು ಪರ್ಸೆಂಟ್ ಕಟ್ಟಿಬಿಡಿ. ಮುಂದಿನ ತಿಂಗಳು ಮಾಲು ವಾಪಸ್ ಬಂತು ಅಂತ ತೋರಿಸಿ ತೆಗೆಯೋಣ. ಇಲ್ಲಾಂದ್ರೆ ಲೆಕ್ಕ ತಾಳೆ ಇಲ್ಲ ಅಂತ ಮಿಸ್‌ಮ್ಯಾಚ್ ನೋಟಿಸ್ ಬರುತ್ತೆ."

"ನಾನು ಮಾರದ ಮಿಕ್ಸಿಗೆ ನಾನು ಸಹಿ ಹಾಕಲ್ಲ ಸಾರ್" ಅಂದೆ. ಒಮ್ಮೆ ನನ್ನ ಮಾರಾಟ ಅಂತ ರಿಟರ್ನ್‌ನಲ್ಲಿ ತೋರಿಸಿದರೆ ಆಮೇಲೆ ಕಳ್ಳ ಮಾರಿದ್ದು ಅಂತ ಯಾವ ಬಾಯಲ್ಲಿ ಹೇಳುವುದು? ನಮ್ಮ ಮಾರಾಟದ ರಿಟರ್ನ್ ಜಿಎಸ್‌ಟಿಆರ್-1ರಲ್ಲಿ, ಸೈಟಿನ ಮೂಲಕ ಮಾರಿದ್ದನ್ನು ತೋರಿಸುವ 14ನೇ ಕೋಷ್ಟಕದಲ್ಲಿ ನನ್ನ ಅಸಲಿ ಮಾರಾಟ ಮಾತ್ರ ಹಾಕಿಸಿದೆ. ಟಿಸಿಎಸ್ ಕ್ರೆಡಿಟ್ ಪುಟದಲ್ಲಿ ಅಕ್ಸೆಪ್ಟ್ ಪಕ್ಕದಲ್ಲೇ ರಿಜೆಕ್ಟ್ ಇದೆ. ಯಾರೂ ಒತ್ತುವುದಿಲ್ಲ, ಕ್ರೆಡಿಟ್ ಯಾರಿಗೆ ಬೇಡ? ನಾನು ಒತ್ತಿದೆ. ಇಡೀ ತಿಂಗಳಿಗೆ ಒಂದೇ ಸಾಲು ಬರುವುದರಿಂದ ನನ್ನ ಅಸಲಿ ಕಾಫಿಯ ಟಿಸಿಎಸ್ಸೂ ಅದರ ಜೊತೆ ಹೋಯಿತು. ದರ ಅರ್ಧ ಪರ್ಸೆಂಟು, ನನ್ನ ಪಾಲಿನದು ಎಂಟುನೂರೋ ಒಂಬೈನೂರೋ ರೂಪಾಯಿ. ಹೋಗಲಿ ಅಂತ ಬಿಟ್ಟೆ. ಆಡಿಟರ್ ತಲೆ ಚಚ್ಚಿಕೊಂಡರು.

ರಿಜೆಕ್ಟ್ ಆದ ಸಾಲು ಎಲ್ಲಿಗೂ ಮಾಯವಾಗುವುದಿಲ್ಲ, ತಿದ್ದುಪಡಿ ಮಾಡಿ ಅಂತ ಕಂಪನಿಯ ಮುಂದಿನ ಜಿಎಸ್‌ಟಿಆರ್-8ಕ್ಕೆ ವಾಪಸ್ ಹೋಗಿ ಕೂರುತ್ತದೆ. ಅದನ್ನು ನೋಡುವವರು ಚಾಟಿನವರಲ್ಲ, ತೆರಿಗೆ ವಿಭಾಗದವರು. ಸರ್ಕಾರದ ಪೋರ್ಟಲಿನಲ್ಲಿ ಸಪ್ಲೈಯರ್ ಒಪ್ಪಿಲ್ಲ ಅಂತ ನಿಂತಿರುವ ಸಾಲನ್ನು ಅವರು ಟಿಕೆಟ್ ಕ್ಲೋಸ್ ಮಾಡಿದ ಹಾಗೆ ಕ್ಲೋಸ್ ಮಾಡಲು ಬರುವುದಿಲ್ಲ. ಅದೇ ದಿನ ತೆರಿಗೆ ವಿಭಾಗಕ್ಕೇ ನೇರ ಒಂದು ಮೇಲ್ ಹಾಕಿದೆ: ಎಫ್‌ಐಆರ್, ಹಳದಿ ಕಾಲಮ್ಮಿನ ಹಾಳೆ, ಬ್ಯಾಂಕ್ ಖಾತೆ ಬದಲಾದ ದಿನಾಂಕ. ಆ ಮೇಲ್ ಐಡಿ ನನಗೆ ಹೇಗೆ ಸಿಕ್ಕಿತು, ಸಬ್ಜೆಕ್ಟ್ ಲೈನಿನಲ್ಲಿ ಏನು ಬರೆದೆ ಅನ್ನುವುದನ್ನು ಇಲ್ಲಿ ಹಾಕುವುದಿಲ್ಲ. ಎಲ್ಲರೂ ಅದನ್ನೇ ಬರೆದರೆ ನಾಳೆ ಅದಕ್ಕೂ ಒಂದು ಫಿಲ್ಟರ್ ಬೀಳುತ್ತದೆ.

ಬೈಯಲು ಫೋನ್ ಮಾಡುತ್ತಿದ್ದ ಗಿರಾಕಿಗಳನ್ನೂ ಬಿಡಲಿಲ್ಲ. "ನಾನೂ ಮೋಸ ಹೋದವನೇ ಸ್ವಾಮಿ, 1915ಕ್ಕೆ ದೂರು ಕೊಡಿ" ಅಂತ ಗ್ರಾಹಕರ ಸಹಾಯವಾಣಿಯ ನಂಬರ್ ಕೊಟ್ಟೆ. ಇ-ಕಾಮರ್ಸ್ ನಿಯಮದಲ್ಲಿ ಗಿರಾಕಿಯ ದೂರಿಗೆ 48 ಗಂಟೆಯಲ್ಲಿ ಸ್ವೀಕೃತಿ ಕೊಡಬೇಕು, ತಿಂಗಳಲ್ಲಿ ಪರಿಹರಿಸಬೇಕು ಅಂತಿದೆ. ಮಾರುವವನಿಗೆ ಆ ಭಾಗ್ಯ ಇಲ್ಲ. ಅವರ ದೂರಿನ ನಂಬರ್‌ಗಳನ್ನು ಕೇಳಿ ಪಡೆದು ನನ್ನ ಕಡತಕ್ಕೆ ಸೇರಿಸಿಕೊಂಡೆ. ತುಮಕೂರಿನವರು ಈಗ ನಮ್ಮ ಪೀಬೆರಿ ಪುಡಿಯ ಕಾಯಂ ಗಿರಾಕಿ.

ಸೆಪ್ಟೆಂಬರ್ ಹೊತ್ತಿಗೆ ಕಂಪನಿಯಿಂದ ಒಬ್ಬರು ತಾವಾಗಿಯೇ ಫೋನ್ ಮಾಡಿದರು. ಕೇಳಿದ ಮೊದಲ ಪ್ರಶ್ನೆ ಟಿಸಿಎಸ್ ಯಾಕೆ ರಿಜೆಕ್ಟ್ ಮಾಡಿದಿರಿ ಅಂತ. ಅಲ್ಲಿಂದ ಮುಂದೆ ಕೆಲಸ ತಾನಾಗಿ ಉರುಳಿತು. ಆರ್ಡರ್‌ಗಳನ್ನು ವಂಚನೆ ಅಂತ ಗುರುತು ಮಾಡಿದರು, ಮೈನಸ್ ತೆಗೆದರು, ಜುಲೈನಲ್ಲಿ ತಡೆಹಿಡಿದಿದ್ದ ನನ್ನ ದುಡ್ಡು ಬಂತು. ಅಕೌಂಟು ವಾಪಸ್ ಬಿಟ್ಟುಕೊಟ್ಟಾಗ ರೇಟಿಂಗು 3.1. ಮಿಕ್ಸಿಯವರ ರಿವ್ಯೂಗಳನ್ನು ತೆಗೆಸಲು ಇನ್ನೊಂದು ಸುತ್ತು ಕಾದಾಟ, ಈಗ 4.3ಕ್ಕೆ ಬಂದಿದೆ. ಒಟ್ಟು ಖರ್ಚು ವಕೀಲರದ್ದು, ಆಡಿಟರದ್ದು, ಬೆಂಗಳೂರು ಓಡಾಟ ಸೇರಿ ಇಪ್ಪತ್ತೆರಡು ಸಾವಿರ ಇರಬಹುದು, ಹೋಟೆಲಿಗೆ ಕೊಟ್ಟ ಬೀಜದ ನಷ್ಟ ಬೇರೆ.

ಕಾಯುವ ದಿನಗಳಲ್ಲಿ ಒಂದೆರಡು ಪ್ರಯೋಗ ಮಾಡಿದೆ. ಸೈಟು, ಪ್ಯಾಕಿಂಗ್ ಕವರಿನವರು, ಕೊರಿಯರ್, ಪ್ರತಿಯೊಬ್ಬರಿಗೂ ಜಿಮೇಲ್ ಐಡಿಯಲ್ಲಿ ಪ್ಲಸ್ ಚಿಹ್ನೆ ಹಾಕಿ ಬೇರೆ ಬೇರೆ ಬಾಲ ಸೇರಿಸಿ ಕೊಟ್ಟೆ. ಎಲ್ಲಾ ಒಂದೇ ಇನ್‌ಬಾಕ್ಸಿಗೆ ಬರುತ್ತದೆ, ಆದರೆ ಯಾರ ಕಡೆಯಿಂದ ಸೋರಿತು ಅಂತ ಗೊತ್ತಾಗುತ್ತದೆ. ತಿಂಗಳೊಳಗೆ "ನಿಮ್ಮ ಸೆಲ್ಲರ್ ಅಕೌಂಟ್ ಬ್ಲಾಕ್ ಆಗಲಿದೆ" ಅನ್ನುವ ನಕಲಿ ಮೇಲ್ ಬಂದದ್ದು ಕವರಿನವರಿಗೆ ಕೊಟ್ಟ ಐಡಿಗೆ. ಈಗ ಕವರು ಬೇರೆಯವರಲ್ಲಿ ತಗೊಳ್ಳುತ್ತೇನೆ, ಕೆಜಿ ಪೌಚಿಗೆ ನಲವತ್ತು ಪೈಸೆ ಜಾಸ್ತಿ. ಇನ್ನೊಂದು, ಹಳೇ ಲ್ಯಾಪ್‌ಟಾಪಿಗೆ ಉಬುಂಟು ಅನ್ನುವ ಆಪರೇಟಿಂಗ್ ಸಿಸ್ಟಮ್ ಹಾಕಿ ಪ್ಯಾನೆಲ್ಲಿಗೆ ಮಾತ್ರ ಇಟ್ಟಿದ್ದೇನೆ. ಒಟಿಪಿ ಸಿಮ್ಮು ಬಟನ್ ಫೋನಿನಲ್ಲಿದೆ. ಮೂಡಿಗೆರೆ ಕಡೆ ತೋಟಕ್ಕೆ ಹೋದ ದಿನ ಸಿಗ್ನಲ್ ಸಿಗದೆ ಲಾಗಿನ್ ಆಗುವುದಿಲ್ಲ ಅನ್ನುವುದೊಂದು ಕಿರಿಕಿರಿ. ಕ್ಯಾಟಲಾಗ್ ಹುಡುಗ ಈಗಲೂ ನಮಗೇ ಕೆಲಸ ಮಾಡುತ್ತಾನೆ, ಆದರೆ ಲಾಗಿನ್ ಇಲ್ಲ. ಎಕ್ಸೆಲ್ ಕಳಿಸುತ್ತಾನೆ, ನಾನೇ ಏರಿಸುತ್ತೇನೆ.

ಕಳ್ಳರ ಖಾತೆಯಲ್ಲಿ ಪೊಲೀಸರು ಹಿಡಿದು ನಿಲ್ಲಿಸಿದ್ದು ಒಂದು ಲಕ್ಷದ ನಲವತ್ತು ಸಾವಿರದಷ್ಟು, ಉಳಿದದ್ದು ಎಟಿಎಮ್ಮಿನಲ್ಲಿ ಹೋಗಿತ್ತು. ಅದರಲ್ಲಿ ನನ್ನ ಎಪ್ಪತ್ತು ಸಾವಿರ ಬಿಡಿಸಿಕೊಡಿ ಅಂತ ಕೋರ್ಟಿಗೆ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ (ಬಿಎನ್‌ಎಸ್‌ಎಸ್) 503ರ ಅಡಿ ಅರ್ಜಿ ಹಾಕಿದ್ದೇವೆ. ಕಂಪನಿಯವರೂ ಅದೇ ದುಡ್ಡಿಗೆ ಅರ್ಜಿ ಹಾಕಿದ್ದಾರೆ. ಅವರ ವಕೀಲರು ಕಳೆದ ಸಲ ಸಮಯ ಕೇಳಿದರು.